ಎಳೆದು ಬಿಟ್ಟರೆ ವಾಪಸ್ ಬರುತ್ತದಾ? ಹೆಣಿಗೆಗೆ ನೂಲು ಆರಿಸುವ ನನ್ನ ರೀತಿ

ಹೆಣಿಗೆ ಕಲಿಯುತ್ತಿರುವವರು ನನ್ನನ್ನು ಜಾಸ್ತಿ ಕೇಳುವುದು ಒಂದೇ ಪ್ರಶ್ನೆ: "ಯಾವ ನೂಲು ತಗೊಳ್ಳಲಿ?" ಬಣ್ಣವನ್ನು ಅವರೇ ಆರಿಸಿಕೊಂಡಿರುತ್ತಾರೆ. ದಪ್ಪ ಎಷ್ಟಿರಬೇಕು ಅಂತ ಪ್ಯಾಟರ್ನ್‌ನಲ್ಲೇ ಬರೆದಿರುತ್ತದೆ. ಗೊಂದಲ ಇರುವುದು ನಾರಿನ ವಿಷಯದಲ್ಲಿ. ಉಣ್ಣೆಯೋ, ಹತ್ತಿಯೋ, ಅಕ್ರಿಲಿಕ್ಕೋ? ಹೆಣೆದ ಬಟ್ಟೆಯ ಹಣೆಬರಹ ತೀರ್ಮಾನವಾಗುವುದೇ ಅಲ್ಲಿ. ಅದಕ್ಕೇ ನಾನು ಈ ಕೆಲಸಕ್ಕೆ ಹೊತ್ತು ಕೊಡುತ್ತೇನೆ. ವಾರಗಟ್ಟಲೆ ಕೂತು ಹೆಣೆದದ್ದು ನಾಲ್ಕು ಸಲ ಒಗೆದ ಮೇಲೂ ಮೈಗೆ ಸರಿಯಾಗಿ ಕೂರಬೇಕು ಅಲ್ವಾ?

ನಾನು ಮೊದಲು ಮಾಡುವ ಪರೀಕ್ಷೆ ಬಹಳ ಸುಲಭ. ಉಂಡೆಯಿಂದ ಒಂದು ಗೇಣು ನೂಲು ಬಿಚ್ಚಿ, ಎರಡೂ ತುದಿ ಹಿಡಿದು ಮೆಲ್ಲಗೆ ಎಳೆದು, ಸಡಿಲ ಬಿಡುತ್ತೇನೆ. ವಾಪಸ್ ಬಂತಾ? ಬಂದರೆ ಎಷ್ಟು ಬಂತು? ಉಣ್ಣೆಯ ನೂಲು ಕಣ್ಣಿಗೆ ಕಾಣುವಷ್ಟು ಹಿಗ್ಗಿ, ಬಿಟ್ಟ ಕೂಡಲೇ ಕುಗ್ಗುತ್ತದೆ. ಹತ್ತಿ ಹೆಚ್ಚುಕಮ್ಮಿ ಅಲ್ಲಾಡುವುದೇ ಇಲ್ಲ. ರೇಷ್ಮೆ, ಲಿನನ್, ಬಿದಿರು ಎಲ್ಲ ಹತ್ತಿಯ ಗುಂಪಿನವೇ. ಅಕ್ರಿಲಿಕ್ ಎರಡರ ನಡುವೆ ಎಲ್ಲೋ ಇರುತ್ತದೆ. ನೂಲನ್ನು ಹೊಸೆದ ರೀತಿಯಿಂದ ಸ್ವಲ್ಪ ಆಚೀಚೆ ಆಗಬಹುದು. ಆದರೂ ನಾರಿನ ಸ್ವಭಾವ ಅಷ್ಟರಲ್ಲೇ ಗೊತ್ತಾಗುತ್ತದೆ.

ಉಣ್ಣೆಯ ಈ ಗುಣಕ್ಕೆ ಕಾರಣ ಅದರ ಗುಂಗುರು. ಎಳೆದಾಗ ಸುರುಳಿ ಬಿಚ್ಚಿಕೊಂಡು, ಬಿಟ್ಟಾಗ ಸ್ಪ್ರಿಂಗ್ ಹಾಗೆ ಮತ್ತೆ ಸುತ್ತಿಕೊಳ್ಳುತ್ತದೆ. ಟೋಪಿಯ ಅಂಚು, ತೋಳಿನ ಮಣಿಕಟ್ಟು, ಕಾಲುಚೀಲದ ಬಾಯಿ, ಇಲ್ಲೆಲ್ಲ ರಿಬ್, ಅಂದರೆ ಉದ್ದುದ್ದ ಏರು-ತಗ್ಗು ಗೆರೆಗಳ ವಿನ್ಯಾಸ, ಹೆಣೆಯುತ್ತೇವೆ. ರಿಬ್ ಕೆಲಸ ಮಾಡುವುದೇ ಹಿಗ್ಗಿ ಕುಗ್ಗುವುದರಿಂದ. ಅಲ್ಲಿ ನೂರಕ್ಕೆ ನೂರು ಹತ್ತಿ ಹಾಕಿದರೆ ಅಂಚು ಸ್ವಲ್ಪ ದಿನಕ್ಕೇ ಜೋತುಬೀಳುತ್ತದೆ. ಕೇಬಲ್ ವಿನ್ಯಾಸಕ್ಕೂ ಉಣ್ಣೆಯೇ ನನಗೆ ಇಷ್ಟ. ಕುಣಿಕೆಗಳನ್ನು ಒಂದರ ಮೇಲೊಂದು ದಾಟಿಸುವಾಗ ನೂಲು ಸ್ವಲ್ಪ ಬಗ್ಗಿಕೊಡಬೇಕು. ಹತ್ತಿಯಲ್ಲಿ ಅದೇ ಕೇಬಲ್ ಹೆಣೆದರೆ ಬೆರಳು ನೋಯುತ್ತದೆ.

ಉಣ್ಣೆಗೆ ಇನ್ನೊಂದು ದೊಡ್ಡ ಗುಣ ಇದೆ. ತನ್ನ ತೂಕದ ಸುಮಾರು 30 ಶೇಕಡಾದಷ್ಟು ತೇವವನ್ನು ಹೀರಿಕೊಂಡರೂ ಅದು ಒದ್ದೆ ಅನ್ನಿಸುವುದಿಲ್ಲ. ಕಾಲುಚೀಲಕ್ಕೂ ಚಳಿಯ ಟೋಪಿಗೂ ಅದನ್ನೇ ಬಳಸಲು ಇದು ಒಳ್ಳೆಯ ಕಾರಣ.

ಹಾಗಂತ ಎಲ್ಲದಕ್ಕೂ ಉಣ್ಣೆ ಅಂತ ನಾನು ಹೇಳುವುದಿಲ್ಲ. ಹತ್ತಿಗೆ ಅದರದೇ ಜಾಗ ಇದೆ. ಪಾತ್ರೆ ಒರೆಸುವ ಬಟ್ಟೆ, ಮಗುವಿನ ಎದೆಬಟ್ಟೆ, ಸೆಕೆಗಾಲದ ತೆಳು ಮೇಲಂಗಿ, ಇವಕ್ಕೆ ಹತ್ತಿಯನ್ನು ಬಿಟ್ಟು ಬೇರೆ ಯೋಚಿಸುವುದೇ ಇಲ್ಲ. ನೀರು ಹೀರುತ್ತದೆ, ಚುಚ್ಚುವುದಿಲ್ಲ, ಒದ್ದೆಯಾದಾಗ ಒಣಗಿದ್ದಾಗಿನದಕ್ಕಿಂತ ಗಟ್ಟಿಯಾಗುತ್ತದೆ. ಹಾಗಾಗಿ ಎಷ್ಟು ತಿಕ್ಕಿ ಒಗೆದರೂ ತಡೆಯುತ್ತದೆ. ನುಸಿಹುಳವೂ ಅದರ ತಂಟೆಗೆ ಹೋಗುವುದಿಲ್ಲ. ಉಣ್ಣೆ, ಅಲ್ಪಾಕಾ ಥರದ ಪ್ರಾಣಿಯ ಕೂದಲಿನಲ್ಲಿರುವ ಕೆರಾಟಿನ್ ಆ ಮರಿಹುಳುಗಳ ಆಹಾರ. ಹತ್ತಿಯಲ್ಲಿ ಅದಿಲ್ಲ. ತೊಂದರೆ ಇರುವುದು ತೂಕದಲ್ಲಿ. ಹತ್ತಿಯ ಸ್ವೆಟರ್ ತನ್ನ ಭಾರಕ್ಕೇ ಕೆಳಕ್ಕೆ ಇಳಿಯುತ್ತದೆ. ಅದಕ್ಕೆ ನಾನು ಹತ್ತಿಯಲ್ಲಿ ಹೆಣೆಯುವಾಗ ಒಂದು ಸೈಜ್ ಸಣ್ಣ ಕಡ್ಡಿ ತೆಗೆದುಕೊಂಡು ಬಿಗಿಯಾಗಿ ಹೆಣೆಯುತ್ತೇನೆ, ಉದ್ದವನ್ನು ಸ್ವಲ್ಪ ಕಮ್ಮಿ ಇಡುತ್ತೇನೆ. ಸುತ್ತು ಹೆಣಿಗೆಗೆ ಬದಲು ಹಿಂದು-ಮುಂದು ಬೇರೆ ಬೇರೆ ಹೆಣೆದು ಪಕ್ಕಕ್ಕೆ ಹೊಲಿಯುತ್ತೇನೆ. ಆ ಹೊಲಿಗೆಯೇ ಬಟ್ಟೆಗೆ ಬೆನ್ನೆಲುಬು.

ಹೊಳಪಿರುವ ಮರ್ಸರೈಸ್ಡ್ ಹತ್ತಿಯೂ ಸಿಗುತ್ತದೆ. ಕಾಸ್ಟಿಕ್ ಸೋಡಾದಲ್ಲಿ ಅದ್ದುವ ಈ ವಿಧಾನಕ್ಕೆ ಇಂಗ್ಲೆಂಡಿನ ಜಾನ್ ಮರ್ಸರ್ 1850ರಲ್ಲಿ ಪೇಟೆಂಟ್ ಪಡೆದಿದ್ದ. ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಕುಣಿಕೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಮಾಮೂಲಿ ಹತ್ತಿಯಷ್ಟು ಮೆತ್ತಗಿರುವುದಿಲ್ಲ. ಪಾತ್ರೆ ಒರೆಸಲು ಬೇಡ. ಲೇಸ್ ಅಂಚಿಗೆ ಬಹಳ ಚೆಂದ.

ಉಳಿದ ನಾರುಗಳಲ್ಲಿ ಲಿನನ್ ಹೆಣೆಯುವಾಗ ಬಿರುಸು, ಒಗೆದಷ್ಟೂ ಮೆತ್ತಗಾಗುತ್ತದೆ. ತಾಳ್ಮೆ ಇರುವವರಿಗೆ ಅದು. ಬಿದಿರಿನ ನೂಲು ಅಂತ ಮಾರುವುದು ಬಹುಪಾಲು ವಿಸ್ಕೋಸ್, ಅಂದರೆ ಗಿಡದ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಎಳೆದ ನಾರು. ಮೈಮೇಲೆ ನೀರಿನಂತೆ ಇಳಿಬಿದ್ದು ಕೂರುತ್ತದೆ, ಶಾಲಿಗೆ ಒಳ್ಳೆಯದು. ಆದರೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಹಿಂಡಬಾರದು. ಅಲ್ಪಾಕಾ ಬಹಳ ಬೆಚ್ಚಗೆ, ಆದರೆ ಗುಂಗುರು ಕಮ್ಮಿ. ಅದರಲ್ಲಿ ಉದ್ದನೆಯ ಸ್ವೆಟರ್ ಹೆಣೆದರೆ ಬರ್ತಾ ಬರ್ತಾ ಇನ್ನೂ ಉದ್ದವಾಗುತ್ತದೆ. ಕತ್ತಿನ ಪಟ್ಟಿಗೆ, ಮಫ್ಲರ್‌ಗೆ ಅದನ್ನು ಇಟ್ಟುಕೊಂಡಿದ್ದೇನೆ. ಮೊಹೇರ್ ಅಂಗೋರಾ ಮೇಕೆಯ ಕೂದಲು. ನಯವಾದ ರೋಮದ ಪ್ರಭಾವಳಿ ಬರುತ್ತದೆ, ಆದರೆ ಹೆಣೆದದ್ದನ್ನು ಬಿಚ್ಚುವುದು ಕಷ್ಟ. ಹೊಸಬರಿಗೆ ನಾನು ಹೇಳುವುದಿಲ್ಲ. ರೋಮ ಉದುರುವುದರಿಂದ ಎಳೆ ಮಕ್ಕಳ ಬಟ್ಟೆಗೂ ಬಳಸುವುದಿಲ್ಲ.

ಇನ್ನು ಚುಚ್ಚುವ ವಿಷಯ. "ನನಗೆ ಉಣ್ಣೆ ಆಗಲ್ಲ" ಅನ್ನುವವರು ಬಹಳ ಜನ. ಹೆಚ್ಚಿನ ಸಲ ಕಾರಣ ನಾರಿನ ದಪ್ಪ. ಸುಮಾರು 30 ಮೈಕ್ರಾನ್‌ಗಿಂತ (ಮಿಲಿಮೀಟರ್‌ನ ಸಾವಿರದ ಒಂದು ಭಾಗವೇ ಮೈಕ್ರಾನ್) ದಪ್ಪನೆಯ ಕೂದಲಿನ ತುದಿ ಚರ್ಮಕ್ಕೆ ತಾಗಿದಾಗ ಬಗ್ಗುವುದಿಲ್ಲ, ಚುಚ್ಚುತ್ತದೆ. ಮೆರಿನೊ ಕುರಿಯ ಉಣ್ಣೆ ಸಾಮಾನ್ಯವಾಗಿ 24 ಮೈಕ್ರಾನ್‌ನ ಒಳಗಿರುತ್ತದೆ, ಕ್ಯಾಶ್ಮೀರ್ ಮೇಕೆಯ ಕೂದಲು 19ರ ಒಳಗೆ. ಅಂಗೈಯಲ್ಲಿ ಮುಟ್ಟಿ ನೋಡಿದರೆ ಇದು ಗೊತ್ತಾಗುವುದಿಲ್ಲ, ಅಲ್ಲಿಯ ಚರ್ಮ ದಪ್ಪ. ನಾನು ಉಂಡೆಯನ್ನು ಕತ್ತಿನ ಪಕ್ಕಕ್ಕೆ ಒತ್ತಿ ಸ್ವಲ್ಪ ಹೊತ್ತು ಹಾಗೇ ಹಿಡಿದಿರುತ್ತೇನೆ. ತಕ್ಷಣ ಏನೂ ಅನ್ನಿಸದೆ, ನಿಧಾನಕ್ಕೆ ಕಡಿತ ಶುರುವಾಗುವುದೂ ಉಂಟು.

ಆದರೆ ಮೆತ್ತಗಿರುವುದೆಲ್ಲ ಒಳ್ಳೆಯದು ಅಂತಲೂ ತಿಳಿಯಬೇಡಿ. ನಯವಾದ, ಗಿಡ್ಡ ನಾರುಗಳು ಬೇಗ ಹೊರಬಂದು ಸಣ್ಣ ಸಣ್ಣ ಉಂಡೆ ಕಟ್ಟುತ್ತವೆ. ಒಂಟಿ ಎಳೆಯ ಸಡಿಲ ನೂಲಾದರಂತೂ ಕಂಕುಳ ಹತ್ತಿರ ಬೇಗನೇ ಶುರು. ದಿನಾ ಹಾಕುವ ಸ್ವೆಟರ್‌ಗೆ ನಾನು ಮೂರು ಎಳೆ ಅಥವಾ ಅದಕ್ಕಿಂತ ಜಾಸ್ತಿ ಎಳೆ ಸೇರಿಸಿ ಬಿಗಿಯಾಗಿ ಹೊಸೆದ ನೂಲನ್ನೇ ಹುಡುಕುತ್ತೇನೆ. ಕಾಲುಚೀಲಕ್ಕೆ 75 ಭಾಗ ಉಣ್ಣೆ, 25 ಭಾಗ ನೈಲಾನ್ ಇರುವ ನೂಲು. ಹಿಮ್ಮಡಿಯ ಸವೆತವನ್ನು ನೈಲಾನ್ ತಡೆಯುತ್ತದೆ. ಈ ಮಿಶ್ರಣದ ಬಗ್ಗೆ ನನಗೆ ಎರಡು ಮಾತಿಲ್ಲ.

ನಾರಿನಷ್ಟೇ ಮುಖ್ಯವಾದದ್ದು ಬಟ್ಟೆಯನ್ನು ಒಗೆಯುವವರು ಯಾರು ಅನ್ನುವುದು. ಮಾಮೂಲಿ ಉಣ್ಣೆಯ ಕೂದಲಿನ ಮೇಲೆ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಬಿಸಿ, ನೀರು, ತಿಕ್ಕಾಟ ಮೂರೂ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಬಟ್ಟೆ ಗಟ್ಟಿಯಾಗಿ ಕುಗ್ಗಿಬಿಡುತ್ತದೆ. ಅದು ಮತ್ತೆ ಹಿಂದಿನಂತಾಗುವುದಿಲ್ಲ. ಸೂಪರ್‌ವಾಶ್ ಉಣ್ಣೆಯಲ್ಲಿ ಸಾಮಾನ್ಯವಾಗಿ ಈ ಹುರುಪೆಗಳನ್ನು ಕ್ಲೋರಿನ್‌ನಿಂದ ಸವೆಸಿ ಮೇಲೆ ತೆಳುವಾದ ರಾಳದ ಲೇಪ ಕೊಟ್ಟಿರುತ್ತಾರೆ. ಮೆಷಿನ್‌ಗೆ ಹಾಕಬಹುದು. ಆದರೆ ಹುರುಪೆಗಳ ಹಿಡಿತ ಹೋಗಿರುವುದರಿಂದ ಒದ್ದೆಯಾದಾಗ ಸೂಪರ್‌ವಾಶ್ ಸ್ವೆಟರ್ ಸಿಕ್ಕಾಪಟ್ಟೆ ಹಿಗ್ಗುತ್ತದೆ. ಅಳತೆ ನೋಡಲು ಮೊದಲು ಹೆಣೆಯುವ ಮಾದರಿ ತುಂಡನ್ನು ಒಗೆಯದೆ ಅಳೆದರೆ ಇಲ್ಲಿ ನಂಬಲೇಬಾರದು.

ಹೊಸದಾಗಿ ಮಗುವಾದ ಮನೆಗೆ ಉಡುಗೊರೆ ಕೊಡುವಾಗ ಕೈಯಲ್ಲಿ ಒಗೆಯುವ ನೂಲನ್ನು ನಾನು ಆರಿಸುವುದೇ ಇಲ್ಲ. ನಿದ್ದೆ ಇಲ್ಲದ ತಾಯಿಗೆ ಇನ್ನೊಂದು ಕೆಲಸ ಯಾಕೆ? ಅಲ್ಲಿ ಹತ್ತಿ, ಸೂಪರ್‌ವಾಶ್ ಅಥವಾ ಒಳ್ಳೆಯ ಅಕ್ರಿಲಿಕ್. ಅಕ್ರಿಲಿಕ್ ಅಂದರೆ ಮೂಗು ಮುರಿಯುವವರಿದ್ದಾರೆ, ನಾನು ಆ ಕಡೆಯವಳಲ್ಲ. ಅಗ್ಗ, ಹಗುರ, ನುಸಿ ತಿನ್ನುವುದಿಲ್ಲ, ಮೆಷಿನ್‌ನಲ್ಲಿ ಒಗೆಯಬಹುದು. ಹೊದಿಕೆಗೆ, ಆಟಿಕೆಗೆ, ಕಲಿಯುವ ಕೈಗೆ ಅದು ಬಹಳ ಸರಿ. ಎರಡು ವಿಷಯ ಮಾತ್ರ ನೆನಪಿರಲಿ. ಅದರ ಮೇಲೆ ಬಿಸಿ ಇಸ್ತ್ರಿ ಇಟ್ಟರೆ ಅಥವಾ ಜೋರಾಗಿ ಹಬೆ ಹಾಯಿಸಿದರೆ ನೂಲು ಸತ್ತು ಜೋಲಾಗುತ್ತದೆ, ಮತ್ತೆ ಚೇತರಿಸಿಕೊಳ್ಳುವುದಿಲ್ಲ. ಬಿಸಿ ಪಾತ್ರೆ ಹಿಡಿಯುವ ಬಟ್ಟೆಗೆ ಅದನ್ನು ಬಳಸಲೇಬೇಡಿ, ಶಾಖಕ್ಕೆ ಕರಗಿ ಕೈಗೆ ಅಂಟಬಹುದು.

ಲೇಬಲ್ ಇಲ್ಲದ ಹಳೆಯ ಉಂಡೆ ಸಿಕ್ಕರೆ ಒಂದು ತುಂಡು ಸುಟ್ಟು ನೋಡುತ್ತೇನೆ. ಸಿಂಕ್‌ನ ಮೇಲೆ, ಚಿಮಟದಲ್ಲಿ ಹಿಡಿದು, ಪಕ್ಕದಲ್ಲಿ ನೀರು ಇಟ್ಟುಕೊಂಡು. ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ದೂರ ಮಾಡಿದರೆ ತಾನಾಗಿ ಆರುತ್ತದೆ, ಕಪ್ಪು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದದ ವಾಸನೆಯಲ್ಲಿ ಬೇಗ ಉರಿದು, ತುದಿಯಲ್ಲಿ ಕೆಂಪು ಕಿಡಿ ಉಳಿಸಿಕೊಂಡು, ನಯವಾದ ಬೂದು ಬಣ್ಣದ ಬೂದಿಯಾಗುತ್ತದೆ. ಅಕ್ರಿಲಿಕ್ ಕರಗುತ್ತಾ ಉರಿದು, ಆರಿದ ಮೇಲೆ ಗಟ್ಟಿ ಕಪ್ಪು ಮಣಿ ಉಳಿಯುತ್ತದೆ. ಮಿಶ್ರ ನೂಲಾದರೆ ಲಕ್ಷಣಗಳೂ ಬೆರೆತಿರುತ್ತವೆ, ಖಚಿತವಾಗಿ ಹೇಳಲಾಗುವುದಿಲ್ಲ. ಅಂಥದ್ದನ್ನು ಚೀಲ, ಆಟಿಕೆಗೆ ಬಳಸುತ್ತೇನೆ, ಮೈಮೇಲಿನ ಬಟ್ಟೆಗೆ ಇಲ್ಲ.

ಇದೆಲ್ಲ ಒಂದೇ ಕೆಲಸದಲ್ಲಿ ಸೇರಿದ್ದು ಈಗ ನಾನು ಹೆಣೆಯುತ್ತಿರುವ ಕಾರ್ಡಿಗನ್‌ನಲ್ಲಿ. ಅದು ಗೆಳತಿಗೆ. ಇಡೀ ದಿನ ಎಸಿಯಲ್ಲಿ ಕೂತು ಕೆಲಸ ಮಾಡುತ್ತಾಳೆ, ಉಣ್ಣೆ ಚುಚ್ಚುತ್ತದೆ ಅನ್ನುತ್ತಾಳೆ, ಬಟ್ಟೆಯೆಲ್ಲ ಮೆಷಿನ್‌ಗೇ ಹಾಕುತ್ತಾಳೆ, ಒಣಗಿಸುವ ಡ್ರೈಯರ್ ಇಲ್ಲ. ನಾನು ನಾಲ್ಕು ನೂಲು ತಂದು, ಎಲ್ಲದರಲ್ಲೂ 4 ಮಿಲಿಮೀಟರ್ ಕಡ್ಡಿಯಲ್ಲಿ ಅಂಗೈಗಿಂತ ದೊಡ್ಡ ತುಂಡು ಹೆಣೆದೆ. ಅರ್ಧ ಸಾದಾ, ಅರ್ಧ ರಿಬ್. ಒಗೆಯುವ ಮೊದಲು 10 ಸೆಂಟಿಮೀಟರ್‌ನಲ್ಲಿ ಎಷ್ಟು ಕುಣಿಕೆ, ಎಷ್ಟು ಸಾಲು ಅಂತ ಎಣಿಸಿ ಬರೆದುಕೊಂಡೆ. ಆಮೇಲೆ ಅವಳು ಒಗೆಯುವ ಹಾಗೇ ಮೆಷಿನ್‌ಗೆ ಹಾಕಿ, ಕೆಳ ಅಂಚಿಗೆ ಬಟ್ಟೆ ಕ್ಲಿಪ್ ಸಿಕ್ಕಿಸಿ ರಾತ್ರಿಯಿಡೀ ತೂಗುಹಾಕಿದೆ. ಇಡೀ ಬಟ್ಟೆಯ ಭಾರ ಸಣ್ಣ ತುಂಡಿಗೆ ಗೊತ್ತಾಗುವುದಿಲ್ಲ, ಕ್ಲಿಪ್‌ಗಳು ಆ ಭಾರದ ಬದಲಿಗೆ.

ಬೆಳಿಗ್ಗೆ ನೋಡಿದರೆ ಬಿದಿರು ಮಿಶ್ರಣದ ತುಂಡು ಉದ್ದಕ್ಕೆ ಬೆಳೆದು ಅಗಲಕ್ಕೆ ಸಣ್ಣಗಾಗಿತ್ತು. ಮುಟ್ಟಲು ಅದರಷ್ಟು ಹಿತವಾದದ್ದು ಇನ್ನೊಂದಿರಲಿಲ್ಲ, ಆದರೂ ಪಕ್ಕಕ್ಕಿಟ್ಟೆ. ಬರೀ ಹತ್ತಿಯ ರಿಬ್ ಎಳೆದಲ್ಲೇ ನಿಂತಿತ್ತು. ಸೂಪರ್‌ವಾಶ್ ಮೆರಿನೊದ ರಿಬ್ ಚೆನ್ನಾಗಿ ವಾಪಸ್ ಬಂದಿತ್ತು, ಆದರೆ ಸಾದಾ ಭಾಗ ಹಿಗ್ಗಿತ್ತು. ಡ್ರೈಯರ್ ಇದ್ದಿದ್ದರೆ ಅದು ಒಂದಿಷ್ಟು ಸರಿಹೋಗುತ್ತಿತ್ತು. ಅರ್ಧ ಹತ್ತಿ, ಅರ್ಧ ಸೂಪರ್‌ವಾಶ್ ಮೆರಿನೊ ಇರುವ ತುಂಡು ಎರಡೂ ಕಡೆ ಹದವಾಗಿತ್ತು. ಅಳತೆ ಸ್ವಲ್ಪವೇ ಬದಲಾಗಿತ್ತು, ರಿಬ್‌ನಲ್ಲಿ ಜೀವ ಇತ್ತು. ಗೆಳತಿ ಅದನ್ನು ಕತ್ತಿನ ಪಟ್ಟಿಯೊಳಗೆ ಸಿಕ್ಕಿಸಿಕೊಂಡು ಒಂದು ಮಧ್ಯಾಹ್ನ ಕೆಲಸ ಮಾಡಿದಳು. ಕಡಿತ ಇಲ್ಲ ಅಂದಳು. ಇಷ್ಟು ದಿನ ಅವಳನ್ನು ಚುಚ್ಚಿದ್ದು ದಪ್ಪ ಉಣ್ಣೆ.

ಅದನ್ನೇ ತೆಗೆದುಕೊಂಡೆ. ಒಂದೇ ಡೈ ಲಾಟ್‌ನ, ಅಂದರೆ ಒಂದೇ ಸಲ ಒಟ್ಟಿಗೆ ಬಣ್ಣ ಹಾಕಿದ, ಉಂಡೆಗಳನ್ನು, ಒಂದು ಜಾಸ್ತಿಯೇ ಇರಲಿ ಅಂತ ಒಟ್ಟಿಗೆ ತಂದೆ. ಲೆಕ್ಕವನ್ನೆಲ್ಲ ಒಗೆದು ಒಣಗಿದ ತುಂಡಿನ ಅಳತೆಗೇ ಹಾಕಿದ್ದೇನೆ. ಬೆನ್ನಿನ ಭಾಗ ಮುಗಿದಿದೆ, ಎಡ ಮುಂಭಾಗ ಕಡ್ಡಿಯ ಮೇಲಿದೆ. ಅರ್ಧ ಹತ್ತಿ ಇರುವುದರಿಂದ ಗುಂಡಿಪಟ್ಟಿ ಜೋಲುವ ಸಾಧ್ಯತೆ ಇದೆ. ಅದಕ್ಕೆ ಪಟ್ಟಿಯನ್ನು ಸಣ್ಣ ಕಡ್ಡಿಯಲ್ಲಿ ಹೆಣೆದು, ಹಿಂಬದಿಗೆ ಮೊದಲೇ ಒಗೆದು ಒಣಗಿಸಿದ ರಿಬ್ಬನ್ ಹೊಲಿಯುತ್ತೇನೆ. ಭುಜದ ಹೊಲಿಗೆಯ ಒಳಗೂ ಅದೇ ರಿಬ್ಬನ್‌ನ ಒಂದು ತುಂಡು ಹೋಗುತ್ತದೆ, ತೋಳಿನ ಭಾರವೆಲ್ಲ ಬೀಳುವುದು ಅಲ್ಲೇ.