ಕುಮಾರ ಪರ್ವತ: ಇಳಿಯುವುದಕ್ಕೆ ಕಾಲು ಉಳಿಸಿಕೊಂಡು ಹತ್ತುವುದು ಹೇಗೆ

ಕುಕ್ಕೆ ಸುಬ್ರಹ್ಮಣ್ಯದ ಪೇಟೆ ಸಮುದ್ರ ಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿದೆ. ಕುಮಾರ ಪರ್ವತದ ತುದಿ 1712 ಮೀಟರ್. ಅಂದರೆ ಹತ್ತಿರ ಹತ್ತಿರ 1600 ಮೀಟರ್ ಏರಬೇಕು, ಅಷ್ಟನ್ನೂ ಮತ್ತೆ ಇಳಿಯಬೇಕು. ಹೋಗಿ ಬರುವ ದಾರಿ ಒಟ್ಟು 25 ಕಿಲೋಮೀಟರಿನ ಆಸುಪಾಸು. ಹತ್ತುವುದು ಕಷ್ಟ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ತಯಾರಿಯೆಲ್ಲ ಅದಕ್ಕೇ ಆಗುತ್ತದೆ. ಆದರೆ ಕಾಲು ಉಳುಕುವುದು, ಬಂಡೆಯ ಮೇಲೆ ಜಾರುವುದು, ಕತ್ತಲಾಗಿ ದಾರಿ ತಪ್ಪುವುದು ಹೆಚ್ಚಾಗಿ ಇಳಿಯುವಾಗಲೇ. ಆದ್ದರಿಂದ ಇಲ್ಲಿರುವ ಲೆಕ್ಕಾಚಾರವೆಲ್ಲ ಒಂದೇ ಗುರಿಯದು: ತುದಿ ಮುಟ್ಟುವ ಹೊತ್ತಿಗೆ ಕಾಲಿನ ಶಕ್ತಿ, ಕುಡಿಯುವ ನೀರು, ಹಗಲಿನ ಬೆಳಕು ಮೂರರಲ್ಲೂ ಅರ್ಧ ಉಳಿದಿರಬೇಕು.

ದಾರಿ ಮತ್ತು ಕಾಲ

ಕುಕ್ಕೆ ಕಡೆಯ ದಾರಿ ದೇವರಗದ್ದೆಯಿಂದ ಕಾಡಿಗೆ ಹೊಕ್ಕು, ಬೇರು ಮತ್ತು ಕಲ್ಲುಗಳ ಮೇಲೆ ಒಂದೇ ಸಮನೆ ಏರುತ್ತ, ದಾರಿಯ ನಡುವೆ ಸಿಗುವ ಭಟ್ಟರ ಮನೆಗೆ ತಲುಪುತ್ತದೆ. ಅಲ್ಲಿಂದ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ದಾಟಿದರೆ ಮರಗಳಿಲ್ಲದ ಹುಲ್ಲುಗುಡ್ಡ, ಆಮೇಲೆ ಕಲ್ಲು ಮಂಟಪ, ಅದರ ಮೇಲೆ ಶೇಷ ಪರ್ವತ. ಶೇಷ ಪರ್ವತವೇ ಕೊನೆ ಎಂದುಕೊಂಡು ಬಹಳ ಜನ ಅಲ್ಲಿಗೇ ಉಸಿರೆಲ್ಲ ಖರ್ಚು ಮಾಡುತ್ತಾರೆ. ಅಲ್ಲಿಂದ ದಾರಿ ಶೋಲಾ ಕಾಡಿನೊಳಗೆ (ಹುಲ್ಲುಗುಡ್ಡಗಳ ನಡುವಿನ ತಗ್ಗಿನಲ್ಲಿ ದಟ್ಟವಾಗಿ ಬೆಳೆದ ಕಾಡು) ಒಂದಿಷ್ಟು ಇಳಿದು, ಕಡಿದಾದ ಹಾಸುಬಂಡೆ ಹತ್ತಿ, ಆಮೇಲೆ ತುದಿಗೆ ಹೋಗುತ್ತದೆ. ಹೋಗುವಾಗ ಇಳಿದದ್ದನ್ನು ಬರುವಾಗ ಹತ್ತಬೇಕು ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಸೋತ ಕಾಲಿಗೆ ಆ ಏರು ತುಂಬ ಭಾರ.

ಸೋಮವಾರಪೇಟೆ ಕಡೆಯಿಂದ ಬೀದಳ್ಳಿ, ಹೆಗ್ಗಡೆಮನೆ ಮೂಲಕ ಹೋಗುವ ದಾರಿ ಚಿಕ್ಕದು. ಹೊರಡುವ ಜಾಗವೇ ಎತ್ತರದಲ್ಲಿರುವುದರಿಂದ ಏರು ಕುಕ್ಕೆ ಕಡೆಯದರ ಹೆಚ್ಚುಕಡಿಮೆ ಅರ್ಧ. ನೆರಳೂ ಹೆಚ್ಚು. ಆದರೆ ತುದಿಯ ಹತ್ತಿರ ಎರಡು ದೊಡ್ಡ ಬೋಳು ಬಂಡೆಗಳನ್ನು ಹತ್ತಬೇಕು, ಒದ್ದೆಯಾಗಿದ್ದರೆ ಅವು ಅಪಾಯ. ಮೊದಲ ಸಲ ಹೋಗುವವರಿಗೆ, ಒಣ ಹವೆ ಇದ್ದರೆ, ಈ ಕಡೆಯ ದಾರಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಬಂಡೆಯ ಅಭ್ಯಾಸವೂ ಆಗುತ್ತದೆ, ಮಂಡಿಯೂ ಉಳಿಯುತ್ತದೆ.

ಬೆಟ್ಟದ ತುದಿ ಪುಷ್ಪಗಿರಿ ವನ್ಯಜೀವಿಧಾಮದಲ್ಲಿದೆ. ಅನುಮತಿ ಇಲ್ಲದೆ ಹೋಗುವಂತಿಲ್ಲ. ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಕಾಯ್ದಿರಿಸಬೇಕು. ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ, ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದಲೂ ಮುಚ್ಚುವುದುಂಟು. ಅಕ್ಟೋಬರಿನಲ್ಲಿ ಬಂಡೆಗಳ ಮೇಲೆ ಪಾಚಿ ಇನ್ನೂ ಹಸಿಯಾಗಿರುತ್ತದೆ, ಕಾಡಿನ ಭಾಗದಲ್ಲಿ ಉಂಬಳದ (ಜಿಗಣೆಯ) ಕಾಟ, ಮಧ್ಯಾಹ್ನದ ಮೇಲೆ ಗುಡುಗು. ಫೆಬ್ರವರಿಗೆ ಹುಲ್ಲು ಒಣಗಿ ಕಾಲಡಿಯಲ್ಲಿ ಎಣ್ಣೆಯ ಹಾಗೆ ಜಾರುತ್ತದೆ, ನೀರೂ ಬತ್ತಿರುತ್ತದೆ. ನವೆಂಬರ್ ಕೊನೆಯಿಂದ ಜನವರಿವರೆಗೆ ಒಳ್ಳೆಯ ಕಾಲ.

ಮೊದಲೇ ಕಾಲು ಪಳಗಿಸುವುದು

ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ದಿನಾ ಸಪಾಟು ನೆಲದಲ್ಲಿ ಎಷ್ಟು ನಡೆದರೂ ಈ ಕೆಲಸ ಅದಕ್ಕೆ ರೂಢಿಯಾಗುವುದಿಲ್ಲ. ಹೊರಡುವ ಆರು ವಾರ ಮೊದಲು ಶುರು ಮಾಡಿ. 20 ಸೆಂಟಿಮೀಟರ್ ಎತ್ತರದ ಮೆಟ್ಟಿಲಿನ ಮೇಲೆ ಒಂದೇ ಕಾಲಲ್ಲಿ ನಿಂತು, ಇನ್ನೊಂದು ಹಿಮ್ಮಡಿ ನೆಲಕ್ಕೆ ತಾಗುವವರೆಗೆ ಮೂರು ಎಣಿಸುತ್ತ ನಿಧಾನ ಇಳಿಸಿ, ಮತ್ತೆ ಏರಿಸಿ. ಒಂದೊಂದು ಕಾಲಿಗೆ 12 ಸಲ, ಮೂರು ಸುತ್ತು, ವಾರಕ್ಕೆ ಮೂರು ದಿನ. ಮಂಡಿ ಒಳಗಡೆ ವಾಲಬಾರದು, ಕಾಲಿನ ಎರಡನೇ ಬೆರಳಿನ ನೇರಕ್ಕೇ ಇರಬೇಕು. ಮೂರನೇ ವಾರದಿಂದ ಬೆನ್ನಿಗೆ ಐದು ಕಿಲೋ ಚೀಲ ಹಾಕಿ ಮಹಡಿ ಮೆಟ್ಟಿಲು ಹತ್ತಿ ಇಳಿಯಿರಿ. ಲಿಫ್ಟಿನಲ್ಲಿ ಇಳಿದುಬಿಟ್ಟರೆ ಪ್ರಯೋಜನವಿಲ್ಲ, ಇಳಿಯುವುದೇ ಇಲ್ಲಿ ಅಭ್ಯಾಸ. ಕೊನೆಯ ಐದು ದಿನ ಪೂರ್ತಿ ವಿಶ್ರಾಂತಿ.

ಶೂ, ಚೀಲ, ನೀರು

ಶೂವಿನ ಅಡಿ ನೋಡಿ. ಮುಂಗಾಲಿನ ಕಚ್ಚು ಸವೆದು ನುಣ್ಣಗಾಗಿದ್ದರೆ ಅದನ್ನು ಹಾಕಿಕೊಂಡು ಬಂಡೆ ಹತ್ತಬೇಡಿ. ಹೊಚ್ಚ ಹೊಸ ಶೂ ಕೂಡ ಬೇಡ, ಕನಿಷ್ಠ ಎರಡು ವಾರ ಮೆಟ್ಟಿ ಪಳಗಿಸಿ. ವರ್ಷಗಟ್ಟಲೆ ಕಪಾಟಿನಲ್ಲಿ ಬಿದ್ದಿದ್ದ ಶೂವಿನ ಅಂಟು ಒಣಗಿ, ಅಟ್ಟೆ ಅರ್ಧ ದಾರಿಯಲ್ಲಿ ಬಾಯಿ ಬಿಡುವುದುಂಟು. ಮನೆಯಲ್ಲೇ ಮುಂಗಾಲನ್ನು ಬಲವಾಗಿ ಬಾಗಿಸಿ ಪರೀಕ್ಷಿಸಿ. ಉಗುರನ್ನು ಎರಡು ದಿನ ಮೊದಲೇ ಕತ್ತರಿಸಿ, ಇಲ್ಲವಾದರೆ ಇಳಿಯುವಾಗ ಹೆಬ್ಬೆರಳು ಶೂವಿನ ಮೂತಿಗೆ ಬಡಿದು ಉಗುರು ಕಪ್ಪಾಗುತ್ತದೆ. ಅದನ್ನು ತಡೆಯಲು ಲೇಸು ಕಟ್ಟುವ ಒಂದು ಕ್ರಮವಿದೆ. ಮೇಲಿನ ಎರಡು ತೂತುಗಳ ನಡುವೆ, ಎರಡೂ ಬದಿಯಲ್ಲಿ, ಲೇಸನ್ನು ಅಡ್ಡ ಹಾಯಿಸದೆ ಅದೇ ಬದಿಯ ತೂತಿಗೆ ತೂರಿಸಿ ಚಿಕ್ಕ ಕುಣಿಕೆ ಮಾಡಿ. ಎಡ ತುದಿಯನ್ನು ಬಲ ಕುಣಿಕೆಯೊಳಗೆ, ಬಲ ತುದಿಯನ್ನು ಎಡ ಕುಣಿಕೆಯೊಳಗೆ ತೂರಿಸಿ. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿಕೊಂಡು ಬಿಗಿದು ಗಂಟು ಹಾಕಿ. ಪಾದ ಮುಂದಕ್ಕೆ ಜಾರುವುದಿಲ್ಲ. ಹತ್ತುವಾಗ ಇಷ್ಟು ಬಿಗಿ ಬೇಕಿಲ್ಲ, ತುದಿಯಲ್ಲಿ ಕೂತು ಮತ್ತೆ ಕಟ್ಟಿಕೊಂಡರೆ ಸಾಕು.

ನೀರು ತಲೆಗೆ ಮೂರು ಲೀಟರ್. ಕಲ್ಲು ಮಂಟಪದ ಹತ್ತಿರ ನೀರು ಸಿಗುವ ಜಾಗವಿದ್ದರೂ ಬೇಸಿಗೆ ಹತ್ತಿರವಾದಂತೆ ನಂಬುವಂತಿಲ್ಲ, ಸಿಕ್ಕಿದರೂ ಕ್ಲೋರಿನ್ ಮಾತ್ರೆ ಹಾಕಿ, ಅದರ ಚೀಟಿಯಲ್ಲಿ ಬರೆದಷ್ಟು ಹೊತ್ತು ಬಿಟ್ಟು ಕುಡಿಯಿರಿ. ಬರೀ ನೀರು ಕುಡಿದರೆ ಬೆವರಿನಲ್ಲಿ ಹೋದ ಉಪ್ಪು ಹಿಂತಿರುಗುವುದಿಲ್ಲ. ಒಂದು ಲೀಟರಿಗೆ ಒಂದು ಓಆರ್‌ಎಸ್ ಪೊಟ್ಟಣ, ಅದಿಲ್ಲದಿದ್ದರೆ ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಟೀ ಚಮಚದ ಸಮತಟ್ಟು ಅಳತೆ. ಊಟಕ್ಕೆ ಚಪಾತಿ ಪಲ್ಯ ಅಥವಾ ಚಿತ್ರಾನ್ನ, ನಡುನಡುವೆ ಖರ್ಜೂರ, ಕಡಲೆ ಮಿಠಾಯಿ, ಬಾಳೆಹಣ್ಣು. ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಬೇಕು, ಒಮ್ಮೆಲೇ ಹೊಟ್ಟೆ ತುಂಬಿಸಿದರೆ ಏರು ಹತ್ತಲಾಗದು. ಸಿಪ್ಪೆ, ಪೊಟ್ಟಣ ಎಲ್ಲವೂ ನಿಮ್ಮ ಚೀಲದಲ್ಲೇ ಕೆಳಗೆ ಬರಬೇಕು.

ಚೀಲದಲ್ಲಿ ಇನ್ನೂ ಬೇಕಾದವು: ತಲೆಗೆ ಕಟ್ಟುವ ಟಾರ್ಚ್, ಮಳೆ ಅಂಗಿ, ಕ್ರೇಪ್ ಬ್ಯಾಂಡೇಜ್, ಸೀಟಿ, ಫೋನಿನಲ್ಲಿ ಇಂಟರ್ನೆಟ್ ಇಲ್ಲದೆಯೂ ತೆರೆಯುವ ನಕಾಶೆ. ಫೋನ್ ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಮುಗಿಸುತ್ತದೆ, ಫ್ಲೈಟ್ ಮೋಡಿನಲ್ಲಿಡಿ. ಭಾರದ ಸಾಮಾನು ಬೆನ್ನಿಗೆ ತಾಗಿಕೊಂಡಿರಲಿ, ಎದೆಯ ಪಟ್ಟಿ ಹಾಕಿರಲಿ. ಹೊರಗೆ ನೇತಾಡುವ ಬಾಟಲಿ ಬಂಡೆಯ ಮೇಲೆ ಸಮತೋಲ ತಪ್ಪಿಸುತ್ತದೆ.

ಗಡಿಯಾರ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನು ಇಂದಿಗೂ ಬೆಟ್ಟ ಹತ್ತುವವರು ಬಳಸುತ್ತಾರೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಕುಕ್ಕೆ ಕಡೆಯಿಂದ ಇದು ಸುಮಾರು ಐದೂಕಾಲು ಗಂಟೆ ಬರುತ್ತದೆ. ಅದು ಗಟ್ಟಿಗರ ಲೆಕ್ಕ, ವಿಶ್ರಾಂತಿ ಸೇರಿಲ್ಲ. ಸೆಕೆ, ಬಂಡೆ, ತಂಡದ ನಿಧಾನ ಎಲ್ಲ ಸೇರಿಸಿ ಆರೂವರೆ ಗಂಟೆ ಇಟ್ಟುಕೊಳ್ಳಿ, ಇಳಿಯಲು ಐದು. ಡಿಸೆಂಬರಿನಲ್ಲಿ ಸಂಜೆ ಆರು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಮರಗಳ ಅಡಿಯಲ್ಲಿ ಅದಕ್ಕೂ ಮೊದಲೇ ಕತ್ತಲು.

ಆದ್ದರಿಂದ ಬೆಳಿಗ್ಗೆ ಆರಕ್ಕೆ ಹೊರಟವರು ಎಲ್ಲೇ ಇರಲಿ, ಮಧ್ಯಾಹ್ನ ಹನ್ನೆರಡೂವರೆಗೆ ತಿರುಗಬೇಕು. ಹತ್ತೂವರೆಗೆ ಕಲ್ಲು ಮಂಟಪ ದಾಟಿಲ್ಲವೆಂದರೆ ಆ ದಿನ ತುದಿಯ ಆಸೆ ಬಿಟ್ಟು, ಶೇಷ ಪರ್ವತದ ಕಡೆ ನಡೆದಷ್ಟು ನಡೆದು ವಾಪಸಾಗಿ. ಈ ಹೊತ್ತುಗಳನ್ನು ಹೊರಡುವ ಮೊದಲೇ ಎಲ್ಲರೂ ಒಪ್ಪಿಕೊಳ್ಳಬೇಕು. ತುದಿ ಕಣ್ಣಿಗೆ ಬಿದ್ದ ಮೇಲೆ ಚರ್ಚೆಗೆ ಕೂತರೆ ಯಾರೂ ಒಪ್ಪುವುದಿಲ್ಲ. ನಡಿಗೆಯ ವೇಗ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟಿರಲಿ. ಎರಡು ಶಬ್ದಕ್ಕೇ ಏದುಸಿರು ಬಂದರೆ ನೀವು ಸಂಜೆಯ ಶಕ್ತಿಯನ್ನು ಬೆಳಿಗ್ಗೆಯೇ ಖರ್ಚು ಮಾಡುತ್ತಿದ್ದೀರಿ.

ಹಾಸುಬಂಡೆ ಹತ್ತುವುದು

ಮೊದಲು ಬಣ್ಣ ನೋಡಿ. ಬೂದು ಬಣ್ಣದ, ಮುಟ್ಟಿದರೆ ತರಿತರಿ ಇರುವ ಒಣ ಕಲ್ಲು ಕಾಲನ್ನು ಚೆನ್ನಾಗಿ ಹಿಡಿಯುತ್ತದೆ. ಮೇಲಿನಿಂದ ಕೆಳಗೆ ಇಳಿದಿರುವ ಕಪ್ಪು ಪಟ್ಟೆ ನೀರು ಹರಿಯುವ ಜಾಗ, ಒಣಗಿದಂತೆ ಕಂಡರೂ ಅದರಲ್ಲಿ ಪಾಚಿ ಇರುತ್ತದೆ, ಬೆಳಗಿನ ಇಬ್ಬನಿ ಬಿದ್ದರೆ ಸಾಕು, ಜಾರುತ್ತದೆ. ಆ ಪಟ್ಟೆಗಳನ್ನು ಕಡಿದಾದ ಕಡೆ ದಾಟಬೇಡಿ, ಇಳಿಜಾರು ಕಡಿಮೆ ಇರುವ ಕಡೆ ಒಂದೇ ಹೆಜ್ಜೆಗೆ ದಾಟಿ. ಬಂಡೆಯ ಮೇಲೆ ಚೆಲ್ಲಿರುವ ಮರಳು, ಸಣ್ಣ ಕಲ್ಲುಗಳೂ ಅಷ್ಟೇ ಕೆಟ್ಟವು, ಕಾಲಡಿ ಉರುಳುತ್ತವೆ. ಹೆಜ್ಜೆ ಇಡುವ ಮೊದಲು ಶೂವಿನಿಂದ ಪಕ್ಕಕ್ಕೆ ಸರಿಸಿ, ಆದರೆ ಕೆಳಗೆ ಯಾರೂ ಇಲ್ಲವೆಂದು ನೋಡಿಕೊಂಡು. ಶೂವಿಗೆ ಕೆಸರು ಮೆತ್ತಿದ್ದರೆ ಬಂಡೆಗೆ ಕಾಲಿಡುವ ಮುಂಚೆ ಒಣ ಕಲ್ಲಿಗೆ ಉಜ್ಜಿ ತೆಗೆಯಿರಿ. ಜಾರಿ ಬೀಳುವವರಲ್ಲಿ ಬಹಳ ಜನ ಜಾರುವುದು ಕಲ್ಲಿನ ದೋಷದಿಂದಲ್ಲ, ಅಟ್ಟೆಯ ಕೆಸರಿನಿಂದ.

ಇನ್ನು ಮೈಯ ಭಂಗಿ. ಹೆದರಿಕೆಯಾದಾಗ ಮೈ ತಾನಾಗಿ ಬಂಡೆಗೆ ಒರಗುತ್ತದೆ, ಕೈ ಮುಂದಕ್ಕೆ ಚಾಚುತ್ತದೆ. ಆಗ ಭಾರ ಪಾದದ ಮೇಲೆ ಬೀಳದೆ, ಪಾದವನ್ನು ಹಿಂದಕ್ಕೆ ತಳ್ಳುತ್ತದೆ. ಜಾರುವುದು ಹೀಗೆ. ಸೊಂಟವನ್ನು ಬಂಡೆಯಿಂದ ದೂರವಿಟ್ಟು, ಪಾದದ ನೇರ ಮೇಲೆ ತಂದು ನಿಲ್ಲಿ. ಹಿಮ್ಮಡಿ ಎತ್ತಬೇಡಿ, ತಗ್ಗಿಸಿ, ಅಟ್ಟೆಯ ಮುಂಭಾಗ ಪೂರ್ತಿ ಕಲ್ಲಿಗೆ ತಾಗಲಿ. ಹಿಮ್ಮಡಿ ಎತ್ತಿ ನಿಂತರೆ ಮೀನಖಂಡ ಸೋತು ಕಾಲು ನಡುಗಲು ಶುರುವಾಗುತ್ತದೆ. ಹೆಜ್ಜೆ ಚಿಕ್ಕದಿರಲಿ, ಒಂದು ಗೇಣಿನಷ್ಟು. ಉದ್ದ ಹೆಜ್ಜೆ ಹಾಕಿದಾಗ ಹಿಂದಿನ ಕಾಲು ಒದೆಯಬೇಕಾಗುತ್ತದೆ, ಒದ್ದ ಕಾಲು ಜಾರುತ್ತದೆ.

ಕೈ ಬೇಕಾಗುವಷ್ಟು ಕಡಿದಾದಲ್ಲಿ ಊರುಗೋಲನ್ನು ಮಡಚಿ ಚೀಲಕ್ಕೆ ಸಿಕ್ಕಿಸಿ. ಎರಡು ಕೈ, ಎರಡು ಕಾಲು, ಈ ನಾಲ್ಕರಲ್ಲಿ ಮೂರು ಸದಾ ಕಲ್ಲಿನ ಮೇಲಿರಬೇಕು, ಒಂದು ಮಾತ್ರ ಚಲಿಸಬೇಕು. ಹಿಡಿಯುವ ಕಲ್ಲನ್ನು ಮೊದಲು ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಅದು ಬಂಡೆಯಿಂದ ಬಿಟ್ಟಿರುವ ಹಳಕು, ನಂಬಬೇಡಿ. ಗಟ್ಟಿ ಇದ್ದರೂ ಕೆಳಮುಖವಾಗಿ ಒತ್ತಿ ಹಿಡಿಯಿರಿ, ಹೊರಕ್ಕೆ ಎಳೆಯಬೇಡಿ. ಹುಲ್ಲಿನ ಕುಚ್ಚು ಹಿಡಿಯಲೇಬೇಡಿ, ಬೇರು ಸಮೇತ ಬರುತ್ತದೆ. ಸಂದಿಗೆ ಕೈ ಹಾಕುವ ಮೊದಲು ಇಣುಕಿ ನೋಡಿ, ಪಶ್ಚಿಮ ಘಟ್ಟದ ಮಂಡಲದ ಹಾವುಗಳು ಕಲ್ಲಿನ ಬಣ್ಣಕ್ಕೇ ಹೊಂದಿಕೊಂಡು ಅಲ್ಲಾಡದೆ ಕೂತಿರುತ್ತವೆ. ಮಂಡಿ ಊರುವುದೂ ತಪ್ಪು: ಮಂಡಿಗೆ ಹಿಡಿತವಿಲ್ಲ, ಅಲ್ಲಿಂದ ಎದ್ದು ನಿಲ್ಲುವುದು ಇನ್ನೂ ಕಷ್ಟ.

ಒಬ್ಬರ ಕೆಳಗೆ ಒಬ್ಬರು ನೇರ ಸಾಲಿನಲ್ಲಿ ಹತ್ತಬೇಡಿ. ಓರೆಯಾಗಿ ನಿಲ್ಲಿ, ಇಲ್ಲವೇ ಒಬ್ಬರು ದಾಟುವವರೆಗೆ ಬದಿಯಲ್ಲಿ ಕಾಯಿರಿ. ಕಲ್ಲು ಉರುಳಿದರೆ "ಕಲ್ಲು!" ಎಂದು ಗಟ್ಟಿಯಾಗಿ ಕೂಗಿ, ಕೇಳಿದವರು ಮೇಲೆ ನೋಡದೆ ಬಂಡೆಗೆ ಅಂಟಿ ತಲೆಗೆ ಚೀಲ ಅಡ್ಡ ಹಿಡಿಯಬೇಕು.

ಬಂಡೆ ಹತ್ತಿ ಮುಗಿಸಿದ ಮೇಲೆ ಕಡ್ಡಾಯವಾಗಿ ಮಾಡಬೇಕಾದ ಒಂದು ಕೆಲಸವಿದೆ. ತಿರುಗಿ ನಿಂತು, ಕೆಳಗೆ ಕಾಡಿನಿಂದ ನೀವು ಹೊರಬಂದ ಜಾಗವನ್ನು ನೋಡಿ ಒಂದು ಫೋಟೊ ತೆಗೆಯಿರಿ. ಬೋಳು ಬಂಡೆಯ ಮೇಲೆ ಕಾಲುದಾರಿ ಕಾಣುವುದಿಲ್ಲ. ಮಂಜು ಮುಸುಕಿದಾಗ ಮೇಲಿನಿಂದ ಎಲ್ಲ ಕಡೆ ಒಂದೇ ಥರ, ಕಾಡಿನ ಅಂಚಿನಲ್ಲಿ ಆ ಬಾಯಿ ಎಲ್ಲಿತ್ತೆಂದು ಹುಡುಕುವಷ್ಟರಲ್ಲಿ ಗಂಟೆ ಕಳೆಯುತ್ತದೆ.

ಇಳಿಯುವಾಗ

ಇಳಿಜಾರು ಸುಮಾರಾಗಿದ್ದರೆ ಮುಖ ಕಣಿವೆ ಕಡೆಗಿರಲಿ, ಮಂಡಿ ಸದಾ ಸ್ವಲ್ಪ ಬಾಗಿರಲಿ, ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿ. ಹಿಂದಕ್ಕೆ ವಾಲಿದರೆ ಹಿಮ್ಮಡಿ ಜಾರಿ ಕುಂಡೆಯ ಮೇಲೆ ಬೀಳುತ್ತೀರಿ. ಇನ್ನೂ ಕಡಿದಾದರೆ ಮೈಯನ್ನು ಅಡ್ಡ ತಿರುಗಿಸಿ, ಅತ್ತಿತ್ತ ಹಾವಿನ ನಡೆಯಲ್ಲಿ ಇಳಿಯಿರಿ. ಕೈ ಬೇಕೆನಿಸಿದ ಕೂಡಲೇ ಬಂಡೆಗೆ ಮುಖ ಮಾಡಿ, ಏಣಿ ಇಳಿದ ಕ್ರಮದಲ್ಲೇ ಇಳಿಯಿರಿ. ಕೂತು ಜಾರುತ್ತ ಇಳಿಯುವುದು ಸುರಕ್ಷಿತ ಎಂದು ಹಲವರು ತಿಳಿದಿದ್ದಾರೆ, ಅಲ್ಲ. ರಬ್ಬರಿನ ಹಿಡಿತ ಬಟ್ಟೆಗಿಲ್ಲ, ಒಮ್ಮೆ ವೇಗ ಬಂದರೆ ನಿಲ್ಲಿಸಲು ಏನೂ ಇರುವುದಿಲ್ಲ. ಎತ್ತರದಿಂದ ಧುಮುಕಲೂ ಬೇಡಿ.

ಊರುಗೋಲಿದ್ದರೆ ಹತ್ತುವಾಗಿನದಕ್ಕಿಂತ 5 ರಿಂದ 10 ಸೆಂಟಿಮೀಟರ್ ಉದ್ದ ಮಾಡಿ, ಹೆಜ್ಜೆಗಿಂತ ಮೊದಲು ಅದನ್ನು ಊರಿ. ತೊಡೆ ನಡುಗಲು ಶುರುವಾದರೆ ಕೂತು ಹತ್ತು ನಿಮಿಷ ಸುಧಾರಿಸಿಕೊಂಡು ಏನಾದರೂ ತಿನ್ನಿ. ಭಟ್ಟರ ಮನೆಯಿಂದ ಕೆಳಗಿನ ಕಾಡಿನಲ್ಲಿ, ಊರು ಹತ್ತಿರ ಬಂತೆಂದು ಓಡುನಡಿಗೆ ಹಾಕುವಾಗ, ಒಣ ಎಲೆಯ ಅಡಿ ಅಡಗಿದ ಬೇರಿಗೆ ಕಾಲು ಸಿಕ್ಕಿ ಉಳುಕುವುದು ತೀರಾ ಸಾಮಾನ್ಯ. ಉಳುಕಿದರೆ, ಹೆಜ್ಜೆ ಊರಲು ಆಗುತ್ತಿದ್ದರೆ, ಶೂ ಬಿಚ್ಚಬೇಡಿ. ಬಿಚ್ಚಿದರೆ ಬಾವು ಏರಿ ಮತ್ತೆ ತೂರುವುದಿಲ್ಲ. ಲೇಸು ಬಿಗಿದು, ಶೂವಿನ ಮೇಲೇ ಕ್ರೇಪ್ ಬ್ಯಾಂಡೇಜನ್ನು ಎಂಟರ ಆಕಾರದಲ್ಲಿ ಸುತ್ತಿ. ನಾಲ್ಕು ಹೆಜ್ಜೆಯೂ ಊರಲಾಗದಿದ್ದರೆ ಮೂಳೆ ಮುರಿದಿರಬಹುದು, ಎಬ್ಬಿಸಿ ನಡೆಸಬೇಡಿ. ಒಬ್ಬರು ಜೊತೆಗಿದ್ದು, ಇಬ್ಬರು ಚೆಕ್‌ಪೋಸ್ಟಿಗೆ ಇಳಿದು ತಿಳಿಸಿ, ಸಿಗ್ನಲ್ ಸಿಕ್ಕಲ್ಲಿ ತುರ್ತು ಸಹಾಯದ 112ಕ್ಕೆ ಕರೆ ಮಾಡಿ. ಗುಡುಗು ಕೇಳಿದರೆ ಹುಲ್ಲುಗುಡ್ಡದ ಬೆನ್ನಿನ ಮೇಲೆ ನಿಲ್ಲದೆ ತಗ್ಗಿಗೆ ಇಳಿಯಿರಿ, ಒಂಟಿ ಮರದ ಅಡಿ ನಿಲ್ಲಬೇಡಿ. ಆನೆಯ ಹಸಿ ಲದ್ದಿ ಕಂಡರೆ ಸದ್ದಿಲ್ಲದೆ ಹಿಂತಿರುಗಿ, ಕಾಟಿ (ಕಾಡುಕೋಣ) ಎದುರಾದರೆ ಅದಕ್ಕೆ ದಾರಿ ಬಿಟ್ಟು ದೂರ ಸರಿಯಿರಿ.

ಕೆಳಗೆ ಬಂದ ಕೂಡಲೇ ಬಟ್ಟೆ ಬದಲಿಸಿ, ಬಿಸಿನೀರು ಸೋಪಿನಲ್ಲಿ ಮೈ ತೊಳೆಯಿರಿ. ಮಂಡಿಯ ಹಿಂದೆ, ತೊಡೆ ಸಂದು, ಕಂಕುಳು, ಕಿವಿಯ ಹಿಂಬದಿ ಇಲ್ಲೆಲ್ಲ ಉಣುಗು (ಉಣ್ಣೆ ಹುಳ) ಕಚ್ಚಿದೆಯೇ ನೋಡಿ. ಇದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರವಾಗಿ ಎಳೆದು ತೆಗೆಯಿರಿ, ಬೆರಳಲ್ಲಿ ಹೊಸಕಬೇಡಿ. ಮಂಗನ ಕಾಯಿಲೆ ಡಿಸೆಂಬರಿನಿಂದ ಮೇವರೆಗೆ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಹರಡುವುದು ಹೆಚ್ಚಾಗಿ ಉಣುಗಿನಿಂದ. ಮುಂದಿನ ಎರಡು ವಾರದೊಳಗೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ವೈದ್ಯರ ಹತ್ತಿರ ಹೋಗಿ, ಯಾವ ಕಾಡಿಗೆ, ಯಾವ ದಿನ ಹೋಗಿದ್ದಿರಿ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ.