ಮಾಲ್ ಗೇಟಿನ ಲೆಕ್ಕ: ಈವೆಂಟ್‌ಗೆ ಬಂದವರೆಷ್ಟು, ಹೇಗೂ ಬರುತ್ತಿದ್ದವರೆಷ್ಟು?

ಮಾಲ್‌ನಲ್ಲಿ ಈವೆಂಟ್ ಮುಗಿದ ರಾತ್ರಿ ಆಫೀಸಿನ ವಾಟ್ಸಾಪ್ ಗ್ರೂಪ್‌ಗೆ ಮೊದಲು ಬರುವುದು ಫೋಟೋ. ಮೇಲಿನ ಮಹಡಿಯಿಂದ ತೆಗೆದದ್ದು, ಏಟ್ರಿಯಂ (ಮಾಲ್ ನಡುವಿನ ತೆರೆದ ಅಂಗಳ) ತುಂಬಾ ತಲೆಗಳು. ಅದರ ಕೆಳಗೆ ಆ ದಿನದ ಫುಟ್‌ಫಾಲ್, ಅಂದರೆ ಒಳಗೆ ಬಂದವರ ಸಂಖ್ಯೆ, ಜೊತೆಗೆ ನಾಲ್ಕಾರು ಹೆಬ್ಬೆರಳು. ಅಲ್ಲಿಗೆ ಈವೆಂಟ್ ಹಿಟ್. ಆದರೆ ಭಾನುವಾರ ಸಂಜೆ ಏಳು ಗಂಟೆಗೆ ಮುಂಬೈಯಲ್ಲಿ ಯಾವ ಮಾಲ್ ಖಾಲಿ ಇರುತ್ತದೆ ಹೇಳಿ? ಸ್ಟೇಜ್ ಹಾಕದಿದ್ದರೂ ಜನ ಇರುತ್ತಿದ್ದರು.

ನಾನು ಇಲ್ಲಿನ ಲೋಕಲ್ ರೈಲಿನ ಸೆಂಟ್ರಲ್ ಲೈನ್ ಪಕ್ಕದ ಒಂದು ಮಾಲ್‌ನಲ್ಲಿ ಮಾರ್ಕೆಟಿಂಗ್ ತಂಡದ ಲೆಕ್ಕ ನೋಡುತ್ತೇನೆ. ಸ್ಟೇಜು, ಲೈಟು, ಆಂಕರ್‌ಗೆ ದುಡ್ಡು ಖರ್ಚು ಮಾಡುವವರು ಬೇರೆ. ಅದರಿಂದ ಏನು ಬಂತು ಅಂತ ಹೇಳಬೇಕಾದವನು ನಾನು. ಆ ಲೆಕ್ಕ ಹೇಗೆ ಮಾಡುತ್ತೇನೆ ಅಂತ ಬರೆಯುತ್ತಿದ್ದೇನೆ.

ಮೊದಲು ಎಣಿಕೆಯ ವಿಷಯ. ನಮ್ಮ ಗೇಟ್‌ಗಳ ಮೇಲೆ ಎರಡು ಲೆನ್ಸ್‌ನ ಸೆನ್ಸರ್ ಇದೆ. ಎರಡು ಲೆನ್ಸ್ ಇರುವುದರಿಂದ ಅದಕ್ಕೆ ಎತ್ತರ ಗೊತ್ತಾಗುತ್ತದೆ. ಟ್ರಾಲಿ ಯಾವುದು, ಮನುಷ್ಯ ಯಾರು ಅಂತ ಬೇರೆ ಮಾಡುತ್ತದೆ. ಹಳೆಯ ಬೀಮ್ ಕೌಂಟರ್‌ಗೆ ಆ ಬುದ್ಧಿ ಇರಲಿಲ್ಲ. ಅಡ್ಡ ಹೋಗುವ ಕಿರಣ ಕಡಿದರೆ ಒಂದು ಎಣಿಕೆ, ಅಷ್ಟೇ. ಮೂರು ಜನ ಭುಜಕ್ಕೆ ಭುಜ ತಾಗಿಸಿ ನಡೆದರೂ ಅದಕ್ಕೆ ಒಬ್ಬರೇ.

ಸೆನ್ಸರ್ ಒಳ್ಳೆಯದಾದ ಮಾತ್ರಕ್ಕೆ ಲೆಕ್ಕ ಸರಿ ಇರುತ್ತದೆ ಅಂತ ಅಲ್ಲ. ನಮ್ಮಲ್ಲಿ ಗೇಟ್ ಅಂದರೆ ಮೆಟಲ್ ಡಿಟೆಕ್ಟರ್ ಚೌಕಟ್ಟು, ಬ್ಯಾಗ್ ನೋಡುವ ಮೇಜು, ಪಕ್ಕದಲ್ಲಿ ಹೆಂಗಸರ ತಪಾಸಣೆಗೆ ಪರದೆ ಕಟ್ಟಿದ ಗೂಡು. ಎಣಿಕೆಯ ಗೆರೆ ಇದರ ಮೇಲೇ ಬಿದ್ದರೆ ಸೆಕ್ಯೂರಿಟಿಯವರು ಹಿಂದೆ ಮುಂದೆ ಓಡಾಡುವುದೂ ಫುಟ್‌ಫಾಲ್ ಆಗಿಬಿಡುತ್ತದೆ. ಅದಕ್ಕೇ ಗೆರೆಯನ್ನು ತಪಾಸಣೆ ಮುಗಿಯುವ ಜಾಗದಿಂದ ನಾಲ್ಕು ಹೆಜ್ಜೆ ಒಳಕ್ಕೆ ಹಾಕಿಸಿದ್ದೇವೆ.

ಇನ್ನು ಡೆಲಿವರಿ ಹುಡುಗರು. ಫುಡ್ ಕೋರ್ಟ್‌ನಿಂದ ಪಾರ್ಸೆಲ್ ಒಯ್ಯಲು ಒಬ್ಬನೇ ಹುಡುಗ ಒಂದು ಸಂಜೆಗೆ ಹಲವು ಸಲ ಒಳಗೆ ಬಂದು ಹೋಗುತ್ತಾನೆ. ಜೋರು ಮಳೆ ಬಂದ ರಾತ್ರಿ ಗಿರಾಕಿಗಳು ಮನೆಯಲ್ಲೇ ಕೂತು ಆರ್ಡರ್ ಮಾಡುತ್ತಾರೆ, ಇಲ್ಲಿ ಫುಟ್‌ಫಾಲ್ ಏರುತ್ತದೆ! ಈಗ ಅವರಿಗೆ ಬೇರೆ ಗೇಟ್ ಇದೆ, ಆ ಗೇಟಿನ ಎಣಿಕೆ ಪೂರ್ತಿ ಬಿಟ್ಟುಬಿಡುತ್ತೇನೆ. ಅಂಗಡಿಯ ಸಿಬ್ಬಂದಿ ಬೆಳಿಗ್ಗೆ ಮಾಲ್ ತೆರೆಯುವ ಮೊದಲೇ ಬರುವುದರಿಂದ ಆ ಹೊತ್ತಿನ ಎಣಿಕೆಯನ್ನೂ ತೆಗೆಯುತ್ತೇನೆ.

ಎಲ್ಲಕ್ಕಿಂತ ಕಷ್ಟ ಕೊಡುವವರು ಶಾರ್ಟ್‌ಕಟ್‌ನವರು. ಸ್ಟೇಷನ್ ಕಡೆಯ ಗೇಟಿನಿಂದ ಬಂದು ಹಿಂದಿನ ರಸ್ತೆಯ ಗೇಟಿನಿಂದ ಹೊರಬೀಳುವವರು. ಏಸಿ ಇದೆ, ಕೆಸರಿಲ್ಲ, ರಿಕ್ಷಾ ಸ್ಟ್ಯಾಂಡ್ ಹತ್ತಿರ. ಮುಂಬೈಯವರು ಇಂಥ ದಾರಿ ಬಿಡುತ್ತಾರಾ? ವಾರದ ದಿನಗಳಲ್ಲಿ ಸಂಜೆಯ ಸಂಖ್ಯೆ ಚೆನ್ನಾಗಿ ಕಾಣುವುದರಲ್ಲಿ ಇವರ ಪಾಲು ದೊಡ್ಡದು. ಹಾಗಾಗಿ ಎಸ್ಕಲೇಟರ್ ಬುಡದಲ್ಲೂ ಸೆನ್ಸರ್ ಹಾಕಿಸಿದೆವು. ದಾಟಿ ಹೋಗುವವರು ಮಹಡಿ ಹತ್ತುವುದಿಲ್ಲ, ಅಲ್ವಾ. ಗೇಟಿನ ಸಂಖ್ಯೆಗಿಂತ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ.

ಆಗಾಗ ಕೈ ಎಣಿಕೆಯೂ ಬೇಕು. ಸಿಸಿಟಿವಿ ಮುಂದೆ ಕ್ಲಿಕ್ಕರ್ ಹಿಡಿದು ಕೂತು ಒಂದು ಗಂಟೆಯ ವಿಡಿಯೋ ಎಣಿಸಿ ಸೆನ್ಸರ್ ಜೊತೆ ಹೋಲಿಸುತ್ತೇವೆ. ನೂರಕ್ಕೆ ಐದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಸೆನ್ಸರ್ ಹಾಕಿದವರಿಗೆ ಫೋನ್. ಬೇಜಾರಿನ ಕೆಲಸ. ಆದರೆ ಇದನ್ನು ಮಾಡದವರ ಗ್ರಾಫ್ ಎಷ್ಟು ಚೆಂದ ಇದ್ದರೂ ನಾನು ನೋಡುವುದಿಲ್ಲ.

ಎಣಿಕೆ ಸರಿಯಾದ ಮೇಲೆ ಯಾವುದಕ್ಕೆ ಹೋಲಿಸಬೇಕು ಅನ್ನುವ ಪ್ರಶ್ನೆ. 'ಹೋದ ವರ್ಷ ಇದೇ ತಾರೀಖಿಗೆ ಎಷ್ಟಿತ್ತು' ಅಂತ ಮ್ಯಾನೇಜರ್‌ಗಳು ಕೇಳುತ್ತಾರೆ. ನಮ್ಮ ಹಬ್ಬಗಳು ತಾರೀಖು ನೋಡಿ ಬರುವುದಿಲ್ಲವಲ್ಲ. ಗಣೇಶ ಚತುರ್ಥಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. ಒಂದು ಸಲ ತಿಂಗಳ ಮೊದಲ ವಾರ, ಸಂಬಳ ಕೈಯಲ್ಲಿ. ಇನ್ನೊಂದು ಸಲ ತಿಂಗಳ ಕೊನೆ. ಮೇಲಾಗಿ ಅನಂತ ಚತುರ್ದಶಿ ಮುಗಿದರೆ ಪಿತೃಪಕ್ಷ. ಮರಾಠಿ ಮನೆಗಳಲ್ಲಿ ಆಗ ಹೊಸ ಬಟ್ಟೆ, ಹೊಸ ಸಾಮಾನು ಕೊಳ್ಳುವುದನ್ನು ಮುಂದೂಡುತ್ತಾರೆ. ಆ ವಾರಗಳನ್ನು ಮಾಮೂಲಿ ದಿನ ಅಂತ ಹಿಡಿದು ನವರಾತ್ರಿಯನ್ನು ಅದಕ್ಕೆ ಹೋಲಿಸಿದರೆ ಯಾವ ಈವೆಂಟ್ ಆದರೂ ಗೆಲ್ಲುತ್ತದೆ.

2025ರ ನವರಾತ್ರಿ ಇನ್ನೂ ಸಿಕ್ಕಲಾಗಿತ್ತು. ಸೆಪ್ಟೆಂಬರ್ 22ಕ್ಕೆ ಘಟಸ್ಥಾಪನೆ, ಅದೇ ದಿನದಿಂದ ಜಿಎಸ್‌ಟಿಯ ಹೊಸ ದರ. 2500 ರೂಪಾಯಿವರೆಗಿನ ಬಟ್ಟೆ, ಚಪ್ಪಲಿಗೆ 5 ಪರ್ಸೆಂಟ್. ದೊಡ್ಡ ಟಿವಿ, ಏಸಿಗೆ 28 ಇದ್ದದ್ದು 18. ಬೆಲೆ ಇಳಿಯಲಿ ಅಂತ ಕಾದವರೂ ಆ ವಾರವೇ ಬಂದರು. ಅವರನ್ನೆಲ್ಲಾ ನಮ್ಮ ನವರಾತ್ರಿಯ ಗರ್ಬಾ ನೃತ್ಯ ಕಾರ್ಯಕ್ರಮದ ಖಾತೆಗೆ ಬರೆದುಕೊಳ್ಳುವುದು ನ್ಯಾಯವಲ್ಲ.

ಹೀಗಾಗಿ ನಾನು ಎರಡು ಕಡೆಯಿಂದ ಹಿಡಿಯುತ್ತೇನೆ. ಹಬ್ಬ, ಸೇಲ್, ರೈಲ್ವೆಯ ಮೆಗಾ ಬ್ಲಾಕ್ (ಹಳಿ ಕೆಲಸಕ್ಕೆ ಲೋಕಲ್ ರೈಲು ನಿಲ್ಲಿಸುವುದು), ಭಾರೀ ಮಳೆ ಇಲ್ಲದ ಹಿಂದಿನ ನಾಲ್ಕು ವಾರಗಳ ಅದೇ ದಿನದ ಸರಾಸರಿ ಒಂದು. ಭಾನುವಾರಕ್ಕೆ ಭಾನುವಾರವೇ, ಗಂಟೆಗೆ ಗಂಟೆಯೇ. ಇನ್ನೊಂದು, ಕಂಪನಿಯದೇ ಬೇರೆ ಉಪನಗರದ ಮಾಲ್. ಅವತ್ತು ಅಲ್ಲಿ ಈವೆಂಟ್ ಇರಬಾರದು. ಸುಲಭದ ಅಂಕಿ ಹಾಕಿ ತೋರಿಸುತ್ತೇನೆ. ನಮ್ಮಲ್ಲಿ ಮಾಮೂಲಿ ಭಾನುವಾರ 20,000 ಜನ, ಈವೆಂಟ್ ದಿನ 26,000 ಅಂದುಕೊಳ್ಳಿ. ಮೇಲ್ನೋಟಕ್ಕೆ 6,000 ಜಾಸ್ತಿ. ಆದರೆ ಅವತ್ತು ಆ ಇನ್ನೊಂದು ಮಾಲ್‌ನಲ್ಲೂ ಸುಮ್ನೆ 10 ಪರ್ಸೆಂಟ್ ಏರಿದೆ. ಅಂದರೆ ನಮ್ಮಲ್ಲೂ ಹೇಗೂ 22,000 ಆಗುತ್ತಿತ್ತು. ಈವೆಂಟ್‌ನ ಪಾಲು 4,000. ಖರ್ಚು 8 ಲಕ್ಷ ಆಗಿದ್ದರೆ ಒಬ್ಬ ಹೊಸ ಗಿರಾಕಿಯನ್ನು ಒಳಗೆ ತರಲು 200 ರೂಪಾಯಿ. ಆಮೇಲೆ ಹಿಂದಿನ, ಮುಂದಿನ ದಿನಗಳನ್ನೂ ನೋಡಬೇಕು. ಶನಿವಾರ ಬರಬೇಕಾದವರೇ ಭಾನುವಾರ ಬಂದಿದ್ದರೆ ಆ 4,000 ಇನ್ನೂ ಕರಗುತ್ತದೆ.

ಬಂದವರು ಏನು ಮಾಡಿದರು ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ಸಿನಿಮಾ ಪ್ರಚಾರಕ್ಕೆ ನಟರು ಬಂದ ದಿನಗಳಲ್ಲಿ ಸಂಖ್ಯೆ ಹಾರುತ್ತದೆ. ಎಸ್ಕಲೇಟರ್ ಎಣಿಕೆಯೂ ಹಾರುತ್ತದೆ, ಯಾಕೆಂದರೆ ಕೆಳಗೆ ಜಾಗ ಸಿಗದವರು ಮೇಲಿನಿಂದ ನೋಡಲು ಹತ್ತುತ್ತಾರೆ. ಫುಡ್ ಕೋರ್ಟ್‌ನಲ್ಲಿ ಕುಂದಾಪುರ ಕಡೆಯ ಶೆಟ್ಟರೊಬ್ಬರ ದೋಸೆ ಕೌಂಟರ್ ಇದೆ. ಅಂಥ ಒಂದು ಸಂಜೆಯ ಬಗ್ಗೆ ಅವರನ್ನು ಕೇಳಿದೆ. ಬಿಲ್ ಮೆಷಿನ್‌ನಿಂದ ಎಳೆದ ಉದ್ದದ ಚೀಟಿಯನ್ನು ಮೇಜಿನ ಮೇಲೆ ಹರಡಿದರು. ಐದರಿಂದ ಆರೂವರೆವರೆಗೆ ಸಾಲಾಗಿ ನೀರಿನ ಬಾಟ್ಲಿ, ನೀರಿನ ಬಾಟ್ಲಿ, ನಡುವೆ ಒಂದು ಕೋಲ್ಡ್ ಕಾಫಿ.

"ಜನ ಬಂದದ್ದು ಹೌದು ಮಾರಾಯ್ರೇ," ಅಂದರು, "ಆದ್ರೆ ಎಲ್ಲ ಮೊಬೈಲ್ ಎತ್ತಿ ರೇಲಿಂಗಿಗೆ ಅಂಟಿ ನಿಂತದ್ದೇ. ನನ್ನ ದಿನದ ಗಿರಾಕಿಗೂ ಒಳಗೆ ಬರ್ಲಿಕ್ಕೆ ದಾರಿ ಇಲ್ಲ."

ಅವರು ಹೇಳಿದ ಕೊನೆಯ ಮಾತು ನನ್ನ ಶೀಟ್‌ನಲ್ಲಿ ಎಲ್ಲೂ ಇರಲಿಲ್ಲ. ಅಂದಿನಿಂದ ಅಂಗಡಿಗಳ ಬಿಲ್ ಸಂಖ್ಯೆಯನ್ನು ಗಂಟೆವಾರು ಪಕ್ಕದಲ್ಲಿಟ್ಟು ನೋಡುತ್ತೇನೆ. ನಮ್ಮಲ್ಲಿ ಹೆಚ್ಚಿನ ಅಂಗಡಿಗಳ ಬಾಡಿಗೆ ಮಿನಿಮಮ್ ಗ್ಯಾರಂಟಿ (ಮೊದಲೇ ನಿಗದಿಯಾದ ಕನಿಷ್ಠ ಮೊತ್ತ) ಅಥವಾ ಮಾರಾಟದ ಪಾಲು, ಯಾವುದು ಜಾಸ್ತಿಯೋ ಅದು. ಹಾಗಾಗಿ ಮಾರಾಟದ ಲೆಕ್ಕ ಮಾಲ್‌ಗೆ ಬಂದೇ ಬರುತ್ತದೆ. ಗಂಟೆವಾರು ಕೊಡಿ ಅಂತ ಕೇಳಿದರೆ ದೊಡ್ಡ ಬ್ರ್ಯಾಂಡ್‌ಗಳು ಎಳೆದಾಡುತ್ತವೆ, ಸಣ್ಣವರು ಕೊಡುತ್ತಾರೆ.

ಇದಕ್ಕೆ ತದ್ವಿರುದ್ಧ ಮಕ್ಕಳಿಗೆ ಶಾಡು ಮಣ್ಣಿನ (ಜೇಡಿಮಣ್ಣಿನ) ಗಣಪತಿ ಮಾಡಲು ಕಲಿಸುವ ಕಾರ್ಯಕ್ರಮ. ಫೋಟೋದಲ್ಲಿ ಏನೂ ಕಾಣುವುದಿಲ್ಲ. ಫುಟ್‌ಫಾಲ್ ಕೂಡ ಸಪ್ಪೆ, ಯಾಕೆಂದರೆ ಒಂದು ಮಟ್ಟಕ್ಕಿಂತ ಕುಳ್ಳಗಿರುವವರನ್ನು ನಮ್ಮ ಸೆನ್ಸರ್ ಎಣಿಸುವುದೇ ಇಲ್ಲ, ಹಾಗೆ ಸೆಟ್ ಮಾಡಿದ್ದೇವೆ. ಆದರೆ ಮಗು ಮಣ್ಣಿನಲ್ಲಿ ಕೈ ಹಾಕಿದರೆ ಅಪ್ಪ ಅಮ್ಮ ಎರಡು ಗಂಟೆ ಎಲ್ಲಿಗೆ ಹೋಗಬೇಕು? ಅಮ್ಮ ಒಂದು ಸುತ್ತು ಅಂಗಡಿ ನೋಡುತ್ತಾರೆ, ಅಪ್ಪ ಕಾಫಿ ಹಿಡಿದು ಕೂರುತ್ತಾರೆ, ಮುಗಿದ ಮೇಲೆ ಮೂವರೂ ಊಟಕ್ಕೆ. ಪಾರ್ಕಿಂಗ್ ಚೀಟಿಯಲ್ಲಿ ಒಳಗೆ ಬಂದ, ಹೊರಗೆ ಹೋದ ಹೊತ್ತು ಎರಡೂ ಇರುತ್ತದಲ್ಲ, ಅವತ್ತು ಕಾರುಗಳು ನಿಂತ ಹೊತ್ತು ಎದ್ದು ಕಾಣುವಷ್ಟು ಉದ್ದ. ಬಿಲ್‌ಗಳೂ ಅದನ್ನೇ ಹೇಳುತ್ತವೆ.

ಜನರ ಫೋನಿನ ವೈಫೈ ಸಿಗ್ನಲ್ ಹಿಡಿದು ಯಾರು ಎಷ್ಟು ಸಲ ಬಂದರು ಅಂತ ತಿಳಿಯಿರಿ ಅಂತ ಮಾರಲು ಬರುವವರಿದ್ದಾರೆ. ಆಪಲ್ 2014ರಲ್ಲೇ ಫೋನಿನ ವೈಫೈ ವಿಳಾಸವನ್ನು ಬದಲಿಸುತ್ತಾ ತೋರಿಸಲು ಶುರು ಮಾಡಿತು, ಆಂಡ್ರಾಯ್ಡ್ ಕೂಡ ಅದೇ ದಾರಿ ಹಿಡಿಯಿತು. ಒಂದೇ ಫೋನ್ ನಾಲ್ಕಾಗಿ ಕಾಣುವ ಲೆಕ್ಕ ನನಗೆ ಬೇಡ. ಮುಖ ಗುರುತಿಸುವ ಕ್ಯಾಮೆರಾ ಅಂತೂ ಬೇಡವೇ ಬೇಡ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ತಲೆನೋವು ಯಾರಿಗೆ ಬೇಕು? ತಲೆ ಎಣಿಸಲು ಮುಖ ಬೇಕಿಲ್ಲ.

ಸಿನಿಮಾದವರನ್ನು ನಾವು ಬೇಡ ಅನ್ನುವುದಿಲ್ಲ. ಆ ಖರ್ಚು ಬಹುಪಾಲು ಅವರದೇ, ಮಾಲ್‌ನ ಹೆಸರೂ ನಾಲ್ಕು ಕಡೆ ಕಾಣುತ್ತದೆ. ಶನಿವಾರ, ಭಾನುವಾರ ಮಾತ್ರ ಕೊಡುವುದಿಲ್ಲ. ಬುಧವಾರ ಮಧ್ಯಾಹ್ನ ಬನ್ನಿ ಅನ್ನುತ್ತೇವೆ, ಬ್ಯಾರಿಕೇಡ್ ನಡುವೆ ಎಸ್ಕಲೇಟರ್‌ಗೆ ದಾರಿ ಬಿಡಿಸುತ್ತೇವೆ. ಮಕ್ಕಳ ಕಾರ್ಯಕ್ರಮವನ್ನು ಏಟ್ರಿಯಂನಿಂದ ಎತ್ತಿ ಎರಡನೇ ಮಹಡಿಯ ಮೂಲೆಗೆ ಹಾಕಿದ್ದೇವೆ, ಸದಾ ಜನ ಕಡಿಮೆ ಇರುವ ಕಡೆ. ಆ ಮೂಲೆಯ ಅಂಗಡಿಗಳ ಬಿಲ್ ಈವೆಂಟ್ ಇಲ್ಲದ ವಾರದಲ್ಲೂ ಏರುತ್ತದಾ ಅಂತ ಈಗ ನೋಡುತ್ತಿದ್ದೇನೆ. ದೀಪಾವಳಿ ದಾಟದೆ ಅದಕ್ಕೆ ಉತ್ತರ ಸಿಗುವುದಿಲ್ಲ, ಹಬ್ಬದ ಗದ್ದಲದಲ್ಲಿ ಎಲ್ಲ ಮೂಲೆಯೂ ತುಂಬಿರುತ್ತದೆ.