ಹತ್ತಿ ಧೂಳು, ಸಣ್ಣ ಫ್ಯಾನು, ಒಂಬತ್ತು ಪಿನ್ನಿನ ಪೋರ್ಟು

ಏಪ್ರಿಲ್ ಮಧ್ಯಾಹ್ನ ರಾಯಚೂರಿನ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ 38 ಡಿಗ್ರಿ ಇರುತ್ತದೆ. ನನ್ನ ಕಂಪ್ಯೂಟರ್ ಇರುವುದು ಅಲ್ಲೇ. ಮದರ್‌ಬೋರ್ಡ್, ಅಂದರೆ ಕಂಪ್ಯೂಟರಿನ ಭಾಗಗಳೆಲ್ಲ ಕೂರುವ ಮುಖ್ಯ ಹಲಗೆ, ಅದರ ವಿಮರ್ಶೆ ಮಾಡುವವರು ಸಾಮಾನ್ಯವಾಗಿ 22ರಿಂದ 25 ಡಿಗ್ರಿಯ ತಂಪು ಕೋಣೆಯಲ್ಲಿ ಅದರ ಬಿಸಿ ಅಳೆಯುತ್ತಾರೆ. ಅವರು ಬರೆದ ಅಂಕಿಗೆ ನಾನು 13–16 ಡಿಗ್ರಿ ಸೇರಿಸಿಕೊಂಡೇ ಓದುತ್ತೇನೆ. ನಮ್ಮ ಕಡೆಯವರು ಬೋರ್ಡ್ ಕೊಳ್ಳುವಾಗ ಹೀಗೇ ಓದಬೇಕು ಅನ್ನುವುದು ನನ್ನ ಅಭಿಪ್ರಾಯ.

ನನ್ನ ಕೆಲಸ ಹತ್ತಿಯಿಂದ ಬೀಜ ಬೇರೆ ಮಾಡುವ ಜಿನ್ನಿಂಗ್ ಮಿಲ್ಲುಗಳ ವೇಬ್ರಿಡ್ಜಿಗೆ, ಅಂದರೆ ಲಾರಿ ತೂಗುವ ಕಟ್ಟೆಗೆ, ಸಾಫ್ಟ್‌ವೇರ್ ಬರೆಯುವುದು. ಲಾರಿ ಹತ್ತಿದ ಕೂಡಲೇ ತೂಕ ಕಂಪ್ಯೂಟರಿಗೆ ಬರಬೇಕು. ಅದು ಬರುವುದು ಇವತ್ತಿಗೂ ಸೀರಿಯಲ್ ಪೋರ್ಟಿನಲ್ಲೇ, ಅಂದರೆ ಒಂಬತ್ತು ಪಿನ್ನಿನ ಹಳೆಯ ಕನೆಕ್ಟರಿನಲ್ಲೇ. ಹಾಗಾಗಿ ಹೊಸ ಬೋರ್ಡಿನಲ್ಲಿ ನಾನು ನೋಡುವುದು ಎರಡನ್ನೇ: ಬಿಸಿ ಎಲ್ಲಿಂದ ಹೊರಗೆ ಹೋಗುತ್ತದೆ, ಹಳೆಯ ಕನೆಕ್ಟರ್ ಏನೇನು ಉಳಿದಿದೆ.

2020ರಲ್ಲಿ ಎಎಂಡಿ ಎಕ್ಸ್570 ಚಿಪ್‌ಸೆಟ್‌ನ ಒಂದು ದುಬಾರಿ ಬೋರ್ಡ್ ತಗೊಂಡೆ. ಚಿಪ್‌ಸೆಟ್ ಅಂದರೆ ಪ್ರೊಸೆಸರಿಗೂ ಬೋರ್ಡಿನ ಉಳಿದ ಭಾಗಗಳಿಗೂ ಸಂಪರ್ಕ ಕೊಡುವ ಚಿಪ್. 2019ರಲ್ಲಿ ಬಂದ ಈ ಚಿಪ್‌ಸೆಟ್ ಕಾರ್ಡು, ಡಿಸ್ಕುಗಳಿಗೆ ಇನ್ನೂ ವೇಗದ ಸಂಪರ್ಕವಾದ ಪಿಸಿಐ ಎಕ್ಸ್‌ಪ್ರೆಸ್ 4.0 ತಂದಿತು. ಅದರ ಜೊತೆಗೆ ಬಿಸಿಯೂ ಬಂತು. ಸುಮಾರು 11 ವ್ಯಾಟ್, ಹಿಂದಿನ ಎಕ್ಸ್470ಕ್ಕಿಂತ ಹೆಚ್ಚು ಕಡಿಮೆ ಎರಡರಷ್ಟು. ಅದಕ್ಕೇ ಬಹುತೇಕ ಎಲ್ಲಾ ಬೋರ್ಡುಗಳಲ್ಲೂ ಚಿಪ್‌ಸೆಟ್ ಮೇಲೆ ಒಂದು ಪುಟ್ಟ ಫ್ಯಾನ್ ಕೂತಿತು. ಗಿಗಾಬೈಟ್‌ನ ಆರಸ್ ಎಕ್ಸ್‌ಟ್ರೀಮ್ ಬೋರ್ಡ್ ಬಿಸಿ ಹೀರುವ ದೊಡ್ಡ ಲೋಹದ ಹೀಟ್‌ಸಿಂಕ್ ಹಾಕಿ ಫ್ಯಾನ್ ಇಲ್ಲದೆ ಬಂತು. ಅದರ ಬೆಲೆ ನನ್ನ ಕೈಗೆ ಎಟುಕುವಂತಿರಲಿಲ್ಲ. 2021ರಲ್ಲಿ ಫ್ಯಾನ್ ಇಲ್ಲದ ಎಕ್ಸ್570ಎಸ್ ಬೋರ್ಡುಗಳು ಬಂದವು. ಅಷ್ಟರಲ್ಲಿ ನನ್ನದು ಒಂದು ಬೇಸಿಗೆ ದಾಟಿತ್ತು.

ಮೂರನೇ ವರ್ಷ ಆ ಫ್ಯಾನ್ ಕಿರ್ ಅನ್ನತೊಡಗಿತು. ಚಿಪ್‌ಸೆಟ್ 88 ಡಿಗ್ರಿ ತೋರಿಸಿತು. ಗ್ರಾಫಿಕ್ಸ್ ಕಾರ್ಡ್ ತೆಗೆದು ನೋಡಿದರೆ ಹತ್ತಿಯ ಎಳೆಗಳು ಫ್ಯಾನಿನ ನಡುವೆ ಸುತ್ತಿಕೊಂಡಿವೆ. ಮಿಲ್ಲಿಗೆ ಹೋಗಿ ಬಂದ ನನ್ನ ಬಟ್ಟೆ, ಬ್ಯಾಗಿನ ಜೊತೆ ಅವು ಮನೆಗೂ ಬರುತ್ತವೆ. ಫ್ಯಾನಿನ ಜಾಗವೂ ಸರಿಯಿಲ್ಲ. ಗ್ರಾಫಿಕ್ಸ್ ಕಾರ್ಡ್ ನೇರ ಅದರ ಮೇಲೇ ಬರುತ್ತದೆ. ಕಾರ್ಡಿನ ಬಿಸಿ ಗಾಳಿಯನ್ನೇ ಅದು ಎಳೆದುಕೊಳ್ಳಬೇಕು.

ಧೂಳು ಊದಲು ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿಕೊಳ್ಳಿ. ಗಾಳಿಗೆ ಅದು ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ನಾನು ಬೋರ್ಡನ್ನೇ ಹೊರಗೆ ತೆಗೆದು, ಹಿಂದಿನ ಸ್ಕ್ರೂ ಬಿಚ್ಚಿ, ಹೀಟ್‌ಸಿಂಕ್ ಎತ್ತಿದೆ. ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡ್ ಒಣಗಿ ಪುಡಿಯಾಗಿತ್ತು. ಮನೆಯಲ್ಲಿ ಒಂದೂವರೆ ಮಿಲಿಮೀಟರ್ ಪ್ಯಾಡ್ ಇತ್ತು, ಅದನ್ನೇ ಹಾಕಿದೆ. ಬಿಸಿ ಇಳಿಯಲಿಲ್ಲ. ಪ್ಯಾಡ್ ದಪ್ಪ ಆದ್ದರಿಂದ ಹೀಟ್‌ಸಿಂಕ್ ಒಂದು ಕಡೆ ಎತ್ತಿಕೊಂಡು ಕೂತಿತ್ತು. ಮತ್ತೆ ಬಿಚ್ಚಿ, ಹಳೆಯ ಪ್ಯಾಡಿನ ಅಳತೆ ನೋಡಿ, ಒಂದು ಮಿಲಿಮೀಟರ್‌ನದು ತರಿಸಿ ಹಾಕಿದೆ. ಪ್ಯಾಡ್ ತೆಗೆಯುವ ಮೊದಲೇ ದಪ್ಪ ಅಳೆದಿಟ್ಟುಕೊಳ್ಳಿ.

ಸಣ್ಣ ಫ್ಯಾನನ್ನು ಮತ್ತೆ ಹಾಕಲಿಲ್ಲ. ಅದರ ಬದಲು ಕ್ಯಾಬಿನೆಟ್ಟಿನ ತಳದಲ್ಲಿ 120 ಮಿಲಿಮೀಟರ್ ಫ್ಯಾನ್ ಕೂರಿಸಿ, ಚಿಪ್‌ಸೆಟ್ ಕಡೆ ಗಾಳಿ ಬರುವಂತೆ ಮಾಡಿದೆ. ನಿಮಿಷಕ್ಕೆ 800 ಸುತ್ತು. ಕಿವಿಗೆ ಕೇಳುವುದೇ ಇಲ್ಲ. ಕಳೆದ ಮೇ ತಿಂಗಳಲ್ಲೂ ಚಿಪ್‌ಸೆಟ್ 71 ದಾಟಲಿಲ್ಲ. ನಿಧಾನವಾಗಿ ತಿರುಗುವ ದೊಡ್ಡ ಫ್ಯಾನೇ ನಮ್ಮೂರಿಗೆ ಸರಿ.

ಪ್ರೊಸೆಸರಿಗೆ ಬೇಕಾದ ವೋಲ್ಟೇಜ್ ಕೊಡುವ ಭಾಗವಾದ ವಿಆರ್‌ಎಂ ಬಗ್ಗೆಯೂ ಒಂದು ಮಾತು. ಅದರಲ್ಲಿ ಎಷ್ಟು ಫೇಸ್, ಅಂದರೆ ಕೆಲಸ ಹಂಚಿಕೊಳ್ಳುವ ಎಷ್ಟು ಸರ್ಕ್ಯೂಟ್, ಇದೆ ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ಹೀಟ್‌ಸಿಂಕಿನ ರೆಕ್ಕೆ ನೋಡುತ್ತೇನೆ. ಲೋಹದ ಇಟ್ಟಿಗೆ ಇಟ್ಟು ಮೇಲೆ ಪ್ಲಾಸ್ಟಿಕ್ ಮುಚ್ಚಿ ಲೈಟ್ ಹಾಕಿದರೆ ಅದು ಸ್ವಲ್ಪ ಹೊತ್ತು ಬಿಸಿ ಕುಡಿಯುತ್ತದೆ, ಆಮೇಲೆ ಹೊರಗೆ ಬಿಡಲು ಆಗುವುದಿಲ್ಲ. ರೆಕ್ಕೆಗಳ ನಡುವೆ ಗಾಳಿ ಓಡಾಡಬೇಕು, ಅಲ್ವಾ?

ಇನ್ನು ಸೀರಿಯಲ್. ಈ ಬೋರ್ಡಿನ ಹಿಂದೆ ಒಂಬತ್ತು ಪಿನ್ನಿನ ಪೋರ್ಟ್ ಇಲ್ಲ. ಆದರೆ ಕೆಳ ಅಂಚಿನಲ್ಲಿ ಕಾಮ್ ಹೆಡರ್, ಅಂದರೆ ಸೀರಿಯಲ್ ಪೋರ್ಟಿನ ತಂತಿ ಸಿಕ್ಕಿಸುವ ಪಿನ್ನುಗಳು, ಇದೆ. ಹತ್ತು ಪಿನ್ ಜಾಗ, ಒಂದು ಖಾಲಿ. ಹೆಡರಿನಿಂದ ಹಿಂದಕ್ಕೆ ಒಂಬತ್ತು ಪಿನ್ನಿನ ಪೋರ್ಟ್ ತರುವ ಹಳೆಯ ಬ್ರಾಕೆಟ್ ಡ್ರಾಯರಿನಲ್ಲಿತ್ತು, ಅದನ್ನು ಸಿಕ್ಕಿಸಿದೆ. ತೂಕ ಬರಲೇ ಇಲ್ಲ. ಎರಡು ದಿನ ನನ್ನ ಪ್ರೋಗ್ರಾಮಿನಲ್ಲೇ ತಪ್ಪು ಹುಡುಕಿದೆ. ಕೊನೆಗೆ ಮಲ್ಟಿಮೀಟರ್ ಹಿಡಿದಾಗ ಗೊತ್ತಾಯಿತು, ಈ ಬ್ರಾಕೆಟ್ಟುಗಳಲ್ಲಿ ಎರಡು ಜಾತಿ ಇವೆ. ಒಂದರಲ್ಲಿ ಹೆಡರಿನ 2ನೇ ಪಿನ್ ಪೋರ್ಟಿನ 2ಕ್ಕೇ ಹೋಗುತ್ತದೆ. ಇನ್ನೊಂದರಲ್ಲಿ 6ಕ್ಕೆ. ನೋಡಲು ಎರಡೂ ಒಂದೇ ಥರ. ನನ್ನ ಬೋರ್ಡಿಗೆ ಬೇಕಾದದ್ದು ಮೊದಲನೆಯದು, ಡ್ರಾಯರಿನಲ್ಲಿದ್ದದ್ದು ಎರಡನೆಯದು. ಸರಿಯಾದ ಬ್ರಾಕೆಟ್ ಹಾಕಿ, ಪೋರ್ಟಿನ 2 ಮತ್ತು 3ನ್ನು ಒಂದು ತಂತಿಯಿಂದ ಸೇರಿಸಿ, ಟರ್ಮಿನಲ್‌ನಲ್ಲಿ ಟೈಪ್ ಮಾಡಿದೆ. ಬರೆದದ್ದು ವಾಪಸ್ ಬಂತು. ಆಗ ಆದ ಸಂತೋಷ ಈಗಲೂ ನೆನಪಿದೆ.

ಯುಎಸ್‌ಬಿ ಕನ್ವರ್ಟರ್ ಯಾಕೆ ಬೇಡ ಅಂತ ಕೇಳುತ್ತಾರೆ. ಮನೆಯಲ್ಲಿ ಪರವಾಗಿಲ್ಲ. ಮಿಲ್ಲಿನಲ್ಲಿ ಯಾರೋ ಕಸ ಗುಡಿಸುವಾಗ ಅದನ್ನು ಕಿತ್ತು ಬೇರೆ ಜಾಗಕ್ಕೆ ಹಾಕುತ್ತಾರೆ. ಆಗ ವಿಂಡೋಸ್ ಆ ಪೋರ್ಟಿಗೆ ಕೊಟ್ಟ ಕಾಮ್ ನಂಬರ್ ಬದಲಾಗಿ, ಪ್ರೋಗ್ರಾಮಿಗೆ ತೂಕ ಸಿಗುವುದಿಲ್ಲ. ಸೀಸನ್ನಿನಲ್ಲಿ ಲಾರಿ ಸಾಲು ಗೇಟಿನವರೆಗೆ ನಿಂತಿರುವಾಗ ನನಗೆ ಫೋನ್ ಬರುತ್ತದೆ. ಸ್ಕ್ರೂ ಬಿಗಿದ ಒಂಬತ್ತು ಪಿನ್ನಿನ ಕೇಬಲ್ ಅಲ್ಲಾಡುವುದಿಲ್ಲ.

ಕೀಬೋರ್ಡು, ಮೌಸ್ ಹಾಕುವ ಹಳೆಯ ದುಂಡು ಪೋರ್ಟ್ ಪಿಎಸ್/2 ಸಹ ಅಷ್ಟೇ. ಒಂದು ಮಿಲ್ಲಿನ ಹಳೆಯ ಸಾಫ್ಟ್‌ವೇರಿಗೆ ವಿಂಡೋಸ್ 7 ಬೇಕಿತ್ತು. ಅದರಲ್ಲಿ ಹೊಸ ಯುಎಸ್‌ಬಿ ಕಂಟ್ರೋಲರಿನ ಡ್ರೈವರ್ ಇರುವುದಿಲ್ಲ. ಇನ್‌ಸ್ಟಾಲ್ ಪರದೆ ಬಂದ ಕೂಡಲೇ ಯುಎಸ್‌ಬಿ ಕೀಬೋರ್ಡು, ಮೌಸ್ ಎರಡೂ ಸುಮ್ಮನಾದವು. ನನ್ನ ಹಳೆಯ ಟಿವಿಎಸ್ ಗೋಲ್ಡ್ ಕೀಬೋರ್ಡನ್ನು ಅರ್ಧ ನೇರಳೆ, ಅರ್ಧ ಹಸಿರು ಬಣ್ಣದ ಪಿಎಸ್/2 ಪೋರ್ಟಿಗೆ ಹಾಕಿ, ಮತ್ತೆ ಆನ್ ಮಾಡಿದೆ. ಯಾವಾಗಲೂ ಆಫ್ ಮಾಡಿಯೇ ಹಾಕಬೇಕು, ಮರೆಯಬೇಡಿ. ಪೂರ್ತಿ ಇನ್‌ಸ್ಟಾಲ್ ಆ ಒಂದೇ ಕೀಬೋರ್ಡಿನಲ್ಲಿ ಮುಗಿಯಿತು.

ಈಗ ಮಿಲ್ಲಿಗೆ ಹೊರಡುವಾಗ ಆ ಕೀಬೋರ್ಡು, ಒಂದು ಮಿಲಿಮೀಟರ್ ಪ್ಯಾಡಿನ ತುಂಡು, "2ರಿಂದ 2" ಅಂತ ಚೀಟಿ ಅಂಟಿಸಿದ ಎರಡು ಬ್ರಾಕೆಟ್ ನನ್ನ ಬ್ಯಾಗಿನಲ್ಲಿ ಇದ್ದೇ ಇರುತ್ತವೆ.